ಶಾಲೆಗೆ ಬೀಗ ಬಿದ್ದಾಗ ಮಗುವಿನ ಮನೆಗೆ ಹೋಗುವವರು ಯಾರು?

ಮಾನ್ಯ ಸಂಪಾದಕರೇ,

ಕಳೆದ ವಾರ ನಮ್ಮ ವಾರ್ಡಿನ ಗ್ರಾಮಸಭೆಯಲ್ಲಿ ಪಂಚಾಯತಿನ ವಿಪತ್ತು ನಿರ್ವಹಣಾ ಯೋಜನೆಯ ಮಾತು ಬಂತು. ತೋಡಿನ ಬದಿಯ ಮನೆಗಳ ಪಟ್ಟಿ, ಗುಡ್ಡೆ ಕುಸಿಯಬಹುದಾದ ಜಾಗಗಳು, ನೆರೆ ಬಂದರೆ ಶಿಬಿರ ತೆರೆಯಬೇಕಾದ ಶಾಲೆ, ಜೀಪು ಇರುವವರ ಫೋನ್ ನಂಬರ್ ಎಲ್ಲವನ್ನೂ ಓದಿ ಹೇಳಿದರು. ಸಾಂಕ್ರಾಮಿಕ ರೋಗಕ್ಕೂ ಒಂದು ಪುಟ ಇತ್ತು. ಅದರಲ್ಲಿ ಮಕ್ಕಳಿಗಾಗಿ ಏನಿದೆ ಎಂದು ನಾನು ಎದ್ದುನಿಂತು ಕೇಳಿದೆ. "ಶಾಲೆಗೆ ರಜೆ ಕೊಡುತ್ತೇವಲ್ಲ ಟೀಚರೇ" ಎಂಬ ಉತ್ತರ ಬಂತು. ಹೇಳಿದವರು ನನ್ನ ಹಳೆಯ ವಿದ್ಯಾರ್ಥಿ, ಒಳ್ಳೆಯ ಮನಸ್ಸಿನವರು. ಆದರೆ ಆ ರಜೆ ಎಂಥದ್ದೆಂದು ನಾನು ಕಣ್ಣಾರೆ ಕಂಡಿದ್ದೇನೆ. ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ, ಅದಕ್ಕಾಗಿ ಈ ಪತ್ರ.

ಕೇರಳದ ಗಡಿಯ ಮಂಜೇಶ್ವರ ತಾಲೂಕಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ 27 ವರ್ಷ ಪಾಠ ಮಾಡಿ 2022ರಲ್ಲಿ ನಿವೃತ್ತಳಾದವಳು ನಾನು. ಶಾಲೆಯ ಹಿಂದಿನ ಗುಡ್ಡೆ ಹತ್ತಿ ಇಳಿದರೆ ಕರ್ನಾಟಕ. ನಮ್ಮ ಮಕ್ಕಳು ಮನೆಯಲ್ಲಿ ತುಳು, ಬ್ಯಾರಿ, ಮಲಯಾಳ, ಮರಾಠಿ, ಕೊಂಕಣಿ ಮಾತನಾಡುತ್ತಾರೆ. ಕೆಂಪುಕಲ್ಲಿನ ಕೋರೆಗಳಿಗೆ ಉತ್ತರ ಕರ್ನಾಟಕದಿಂದ ಬಂದವರ ಮಕ್ಕಳೂ ಇದ್ದಾರೆ. ಇವರೆಲ್ಲರೂ ಒಂದೇ ಭಾಷೆಯಲ್ಲಿ ಕಷ್ಟ ಹೇಳಿಕೊಳ್ಳುತ್ತಿದ್ದ ಜಾಗ ನಮ್ಮ ತರಗತಿಯಾಗಿತ್ತು.

ಅದು 2020ರ ಮಾರ್ಚಿನಲ್ಲಿ ಮುಚ್ಚಿತು. ಚಿಕ್ಕ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ನವೆಂಬರ್ 1ರಂದು. ಆ ದಿನಾಂಕ ಗಡಿನಾಡಿನ ಕನ್ನಡಿಗರಿಗೆ ಬೇರೆ ಕಾರಣಕ್ಕೂ ಮನಸ್ಸಿನಲ್ಲಿ ಉಳಿದಿರುವಂಥದ್ದು, ಅದಿರಲಿ. ಎರಡನೇ ತರಗತಿಯಲ್ಲಿ ಕೈಬೀಸಿ ಹೋದವರು ಬಂದು ಕುಳಿತದ್ದು ನಾಲ್ಕನೇ ತರಗತಿಯ ಬೆಂಚಿನಲ್ಲಿ. ಮೂರನೇ ತರಗತಿ ಎಂಬುದು ಆ ಮಕ್ಕಳ ಬಾಲ್ಯದಲ್ಲಿ ಇಲ್ಲವೇ ಇಲ್ಲ.

ಆ ಕಾಲದಲ್ಲಿ ಒಳ್ಳೆಯದೂ ನಡೆಯಿತು, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅಂಗನವಾಡಿ ಮುಚ್ಚಿದರೂ ಅಲ್ಲಿನ ಮಕ್ಕಳ ಆಹಾರ ಮನೆಗೇ ಹೋಯಿತು. ಮೂರು ವರ್ಷದೊಳಗಿನ ಮಕ್ಕಳಿಗೆ ಕುಟುಂಬಶ್ರೀ ಸ್ವಸಹಾಯ ಸಂಘಗಳ ಮಹಿಳೆಯರು ತಯಾರಿಸುವ 'ಅಮೃತಂ' ಪುಡಿ ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯಲ್ಲೇ ರೂಪುಗೊಂಡದ್ದು, ಅದೂ ತಪ್ಪದೆ ಮನೆ ಸೇರಿತು. ಶಾಲಾ ಮಕ್ಕಳಿಗೆ ಅಕ್ಕಿ, ಹೆಸರು, ಕಡಲೆ, ಎಣ್ಣೆ ಇರುವ ಕಿಟ್ ಬಂತು. ಆಟೋದಲ್ಲಿ ಕಿಟ್ ಹೇರಿಕೊಂಡು ಗುಡ್ಡೆ ಹತ್ತಿ ಇಳಿದವರಲ್ಲಿ ನಾನೂ ಒಬ್ಬಳು. ರಸ್ತೆಯಿಲ್ಲದ ಮನೆಗೂ ನಾವು ತಲುಪಿದೆವು. ನಮಗೆ ಕೊಟ್ಟ ಕೆಲಸ ಕಿಟ್ ಒಪ್ಪಿಸಿ ಹೆತ್ತವರ ಸಹಿ ಹಾಕಿಸಿಕೊಳ್ಳುವುದು. ಮಗುವನ್ನು ನೋಡಬೇಕು, ಅದರ ಹತ್ತಿರ ಎರಡು ಮಾತನಾಡಬೇಕು ಎಂದು ಯಾವ ಕಾಗದದಲ್ಲೂ ಇರಲಿಲ್ಲ.

2020ರ ಮಳೆಗಾಲದ ಒಂದು ದಿನವನ್ನು ಇಲ್ಲಿ ಬರೆಯಲೇಬೇಕು. ಮಗುವಿನ ಗುರುತು ಸಿಗದಂತೆ ಕೆಲವು ವಿವರಗಳನ್ನು ಬಿಟ್ಟಿದ್ದೇನೆ. ನನ್ನ ತರಗತಿಯ ಹುಡುಗಿ. ತಾಯಿ ಬೀಡಿ ಕಟ್ಟುವವರು. ನಾನು ಹೋದಾಗ ಮಗುವಿನ ಮಡಿಲಲ್ಲೂ ಬೀಡಿ ಎಲೆ ತುಂಬಿದ ಗೆರಸೆ ಇತ್ತು. ನಮ್ಮೂರಿನಲ್ಲಿ ಮಕ್ಕಳು ಶಾಲೆ ಬಿಟ್ಟ ಮೇಲೆ ಬೀಡಿಗೆ ನೂಲು ಸುತ್ತುವುದು ಹೊಸತಲ್ಲ, ಆದರೆ ಅವಳ ಬೆರಳ ತುದಿಗಳು ಇಡೀ ದಿನದ ಕೆಲಸ ಮಾಡಿದವರಂತೆ ಆಗಿದ್ದವು. ಬಸ್ ಇಲ್ಲದೆ, ಕೂಲಿ ಇಲ್ಲದೆ, ಬ್ರಾಂಚಿಗೆ ಬೀಡಿ ಕೊಟ್ಟರಷ್ಟೇ ಮನೆಗೆ ನಾಲ್ಕು ಕಾಸು ಎಂಬಂಥ ದಿನಗಳವು. ನಾನು ಏನೂ ಹೇಳಲಿಲ್ಲ. ಸಹಿ ಮಾಡಿಸಿಕೊಂಡು ಹೊರಟೆ. ಹುಡುಗಿ ಬೇಲಿಯ ತಡಮೆಯವರೆಗೆ ಹಿಂದೆಯೇ ಬಂದು "ಟೀಚರ್, ಶಾಲೆ ಏಪ ಸುರು ಆಪುಂಡು?" ಎಂದು ತುಳುವಿನಲ್ಲಿ ಕೇಳಿದಳು. ಬೇಗ ಶುರುವಾಗುತ್ತದೆ ಮಗಾ ಎನ್ನುವಂತೆ ತಲೆ ಸವರಿದೆ. ಮತ್ತೆ ಕೇಳಿದಳು. ಮೂರನೆಯ ಬಾರಿಯೂ ಕೇಳಿದಳು. ಆಟೋದಲ್ಲಿ ಇನ್ನೂ 14 ಕಿಟ್ ಇದ್ದವು, ಮಳೆ ಜೋರಾಗುತ್ತಿತ್ತು, ನಾನು ನಡೆದುಬಿಟ್ಟೆ.

ಶಾಲೆ ತೆರೆದ ಎರಡನೇ ವಾರ ಅವಳು ನನ್ನ ಸಹೋದ್ಯೋಗಿ ಟೀಚರ್ ಒಬ್ಬರ ಬಳಿ ಬಾಯಿಬಿಟ್ಟಳು. ಲಾಕ್‌ಡೌನ್‌ನಲ್ಲಿ ಊರಿಗೆ ಮರಳಿ ಅದೇ ಮನೆಯಲ್ಲಿ ಉಳಿದಿದ್ದ ಸಂಬಂಧಿಕನೊಬ್ಬನಿಂದ ಅವಳಿಗೆ ಹಿಂಸೆಯಾಗಿತ್ತು. ಮುಂದೆ ಕಾನೂನಿನ ದಾರಿಯಲ್ಲಿ ಆಗಬೇಕಾದದ್ದು ಆಯಿತು, ಈಗ ಅವಳು ಓದುತ್ತಿದ್ದಾಳೆ. ಆದರೆ ಮೂರು ಸಲ ಕೇಳಿದ ಆ ಪ್ರಶ್ನೆಯ ಅರ್ಥ ನನಗೆ ತಿಳಿಯಲು ಒಂದು ವರ್ಷಕ್ಕೂ ಹೆಚ್ಚು ಬೇಕಾಯಿತು. ಅಂದು ತಡಮೆಯ ಹತ್ತಿರ ಹತ್ತು ನಿಮಿಷ ನಿಲ್ಲಬೇಕಿತ್ತು.

ಮಕ್ಕಳ ಸಹಾಯವಾಣಿ 1098 ಇತ್ತಲ್ಲ ಎಂದು ಕೇಳಬಹುದು. ಇತ್ತು. 2020ರ ಮಾರ್ಚ್ 20ರಿಂದ 31ರವರೆಗಿನ ದಿನಗಳಲ್ಲೇ ದೇಶದಾದ್ಯಂತ ಅದಕ್ಕೆ 3.07 ಲಕ್ಷ ಕರೆಗಳು ಬಂದವು, ಅವುಗಳಲ್ಲಿ 92,105 ಕರೆಗಳು ಹಿಂಸೆ, ದೌರ್ಜನ್ಯಗಳಿಂದ ಕಾಪಾಡಿ ಎಂದು ಕೋರಿದವು. ಅವು ಫೋನ್ ಕೈಗೆ ಸಿಕ್ಕ ಮಕ್ಕಳ, ಮಕ್ಕಳ ಪರವಾಗಿ ಮಾತನಾಡಬಲ್ಲವರ ಕರೆಗಳು. ನಮ್ಮ ಹುಡುಗಿಯ ಮನೆಯಲ್ಲಿ ಇದ್ದದ್ದು ಒಂದೇ ಸ್ಮಾರ್ಟ್‌ಫೋನ್. ಆನ್‌ಲೈನ್ ಪಾಠಕ್ಕೆಂದು ಅವಳು ಕೇಳಿ ಪಡೆಯುತ್ತಿದ್ದ ಆ ಫೋನ್ ಅದೇ ಸಂಬಂಧಿಕನದು.

ಇನ್ನು ಭಾಷೆಯ ವಿಷಯ. 2020ರ ಜೂನ್ 1ರಂದು ಕೇರಳ ಸರಕಾರದ ಶಿಕ್ಷಣ ವಾಹಿನಿ ವಿಕ್ಟರ್ಸ್‌ನಲ್ಲಿ 'ಫಸ್ಟ್ ಬೆಲ್' ಪಾಠಗಳು ಆರಂಭವಾದಾಗ ನಮ್ಮ ಮಕ್ಕಳ ಮುಂದೆ ಬಂದದ್ದು ಮಲಯಾಳ. ಕನ್ನಡದ ಪಾಠಗಳನ್ನು ಜಿಲ್ಲೆಯ ಶಿಕ್ಷಕರು ಹಗಲಿರುಳು ದುಡಿದು ಸಿದ್ಧಪಡಿಸಿದರು, ಆ ಶ್ರಮಕ್ಕೆ ನಾನು ಸಾಕ್ಷಿ. ಪಾಠವನ್ನಾದರೂ ಹಾಗೆ ಕನ್ನಡಕ್ಕೆ ತರಬಹುದು. ಭಯದಲ್ಲಿರುವ ಮಗು ಫೋನ್ ಮಾಡಿದಾಗ ಆ ಕಡೆಯಿಂದ ಬರುವ ದನಿಯನ್ನು ಆಮೇಲೆ ಭಾಷಾಂತರಿಸಲು ಆಗುವುದಿಲ್ಲ. ಮನೆಯಲ್ಲಿ ಊಟ ಬಿಟ್ಟು ಕುಳಿತಿದ್ದ ಒಬ್ಬ ಹುಡುಗನಿಗಾಗಿ ಆಪ್ತಸಲಹೆಯ ಸೇವೆಯೊಂದಕ್ಕೆ ನಾನೇ ಕರೆ ಮಾಡಿ ಫೋನನ್ನು ಅವನ ಕೈಗೆ ಕೊಟ್ಟೆ. ಆ ಕಡೆಯವರು ಬಹಳ ಪ್ರೀತಿಯಿಂದಲೇ ಮಾತನಾಡಿದರು, ಮಲಯಾಳದಲ್ಲಿ. ಹುಡುಗ "ಉಂಟು, ಇಲ್ಲ" ಎಂದಷ್ಟೇ ಹೇಳಿ ಫೋನ್ ಹಿಂದಿರುಗಿಸಿದ. ನಾನು ನಡುವೆ ಕುಳಿತು ಅನುವಾದ ಮಾಡಿದರೆ ಅವನು ನನ್ನೆದುರು ಹೇಳಲಾಗದ ಮಾತು ಹೊರಬರುವುದಾದರೂ ಹೇಗೆ?

ಆ ಹುಡುಗನ ಕಥೆಯನ್ನೂ ಹೇಳುತ್ತೇನೆ, ಏಕೆಂದರೆ ಗಡಿ ಎಂಬುದು ಮಗುವಿಗೆ ಏನು ಮಾಡುತ್ತದೆಂದು ನನಗೆ ತೋರಿಸಿಕೊಟ್ಟವನು ಅವನು. ತಾಯಿ ಅವನು ಚಿಕ್ಕವನಿದ್ದಾಗಲೇ ತೀರಿಹೋಗಿದ್ದರು. 2021ರ ಮೇ ತಿಂಗಳಿನಲ್ಲಿ ತಂದೆ ಮಂಗಳೂರಿನ ಆಸ್ಪತ್ರೆಯಲ್ಲಿ ಕೊರೊನಾದಿಂದ ಹೋದರು. ಅಜ್ಜಿಗೂ ಸೋಂಕು ತಗಲಿ ಅವರನ್ನು ಚಿಕಿತ್ಸಾ ಕೇಂದ್ರಕ್ಕೆ ಒಯ್ದಿದ್ದರು. ಹತ್ತು ವರ್ಷದ ಹುಡುಗ, ಸೋಂಕಿಲ್ಲ, ಆದರೆ ಸಂಪರ್ಕದಲ್ಲಿದ್ದವನು. ಮನೆಯಲ್ಲಿ ಒಬ್ಬನೇ. ನೆರೆಮನೆಯವರು ಹೊತ್ತುಹೊತ್ತಿಗೆ ಜಗಲಿಯಲ್ಲಿ ಗಂಜಿ, ಪಲ್ಯ ಇಟ್ಟು ದೂರದಿಂದ ಕೂಗಿ ಹೇಳಿ ಹೋಗುತ್ತಿದ್ದರು, ರಾತ್ರಿ ತಮ್ಮ ಅಂಗಳದ ದೀಪ ಉರಿಸಿಡುತ್ತಿದ್ದರು. ಅವರ ಋಣ ದೊಡ್ಡದು. ಅಪ್ಪ ಇಲ್ಲವೆಂಬುದು ಅವನಿಗೆ ತಿಳಿದದ್ದು ಯಾರದೋ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಅಪ್ಪನ ಫೋಟೋ ನೋಡಿ. ಕರೆದು ಕೂರಿಸಿ ಹೇಳುವ ಹೊಣೆ ಯಾರದೆಂದು ಯಾರಿಗೂ ಗೊತ್ತಿರಲಿಲ್ಲ. ನನಗೂ.

ಅದೇ ತಿಂಗಳ ಕೊನೆಯಲ್ಲಿ ತಬ್ಬಲಿ ಮಕ್ಕಳಿಗಾಗಿ ಯೋಜನೆಗಳು ಪ್ರಕಟವಾದವು. ಕೇರಳದ್ದು 3 ಲಕ್ಷ ರೂಪಾಯಿ ಠೇವಣಿ, 18 ವರ್ಷದವರೆಗೆ ತಿಂಗಳಿಗೆ 2,000 ರೂಪಾಯಿ ಮತ್ತು ಪದವಿಯವರೆಗಿನ ಓದಿನ ಖರ್ಚು. ಕೇಂದ್ರದ ಪಿಎಂ ಕೇರ್ಸ್ ಯೋಜನೆಯಲ್ಲಿ 23 ವರ್ಷವಾದಾಗ ಕೈಸೇರುವ 10 ಲಕ್ಷ. ಓದಿ ನಾನು ಅತ್ತಿದ್ದೆ, ಸಮಾಧಾನದಿಂದ. ಆದರೆ ಮರಣ ನೋಂದಣಿಯಾದದ್ದು ಕರ್ನಾಟಕದಲ್ಲಿ, ಮನೆ ಕೇರಳದಲ್ಲಿ. ತಾಯಿಯ ಊರು ಗಡಿಯಾಚೆ, ಆಕೆಯ ಮರಣ ಪತ್ರವೂ ಅಲ್ಲಿಯದೇ. ತಂದೆಯ ಹೆಸರು ಕನ್ನಡದ ಪತ್ರದಲ್ಲಿ ಒಂದು ಬಗೆ, ಮಲಯಾಳದ ರೇಷನ್ ಕಾರ್ಡಿನಲ್ಲಿ ಇನ್ನೊಂದು ಬಗೆ. ಒಂದು ಕಚೇರಿಯವರು ಭಾಷಾಂತರ ತನ್ನಿ ಎಂದರು, ಇನ್ನೊಂದು ಕಚೇರಿಯವರು ಭಾಷಾಂತರಕ್ಕೆ ದೃಢೀಕರಣ ತನ್ನಿ ಎಂದರು. ಆಗಸ್ಟ್‌ನಲ್ಲಿ ಅಜ್ಜಿಯನ್ನು ಕರೆದುಕೊಂಡು ಮಂಗಳೂರಿಗೆ ಹೊರಟರೆ ಗಡಿಯ ತಲಪಾಡಿ ತಪಾಸಣಾ ಕೇಂದ್ರದಲ್ಲಿ 72 ಗಂಟೆಯೊಳಗಿನ ಆರ್‌ಟಿಪಿಸಿಆರ್ ವರದಿ ಕೇಳಿದರು. ಏಳು ತಿಂಗಳು ಹಿಡಿಯಿತು. ನನಗೆ ಮೂರು ಭಾಷೆ ಬರುತ್ತದೆ, ಸಂಬಳವಿತ್ತು, ಬಿಡುವು ಮಾಡಿಕೊಳ್ಳಬಲ್ಲೆ. ಅಜ್ಜಿ ಒಬ್ಬರೇ ಆಗಿದ್ದರೆ ಆ ಅರ್ಜಿ ಇಂದಿಗೂ ಪೆಟ್ಟಿಗೆಯಲ್ಲೇ ಇರುತ್ತಿತ್ತು.

ಗಡಿಯಲ್ಲಿ ತಡೆದದ್ದು ಅದು ಮೊದಲ ಸಲವಲ್ಲ. 2020ರ ಮಾರ್ಚ್ ಕೊನೆಯಲ್ಲಿ ಕರ್ನಾಟಕದ ಕಡೆಯಿಂದ ರಸ್ತೆಗಳಿಗೆ ಮಣ್ಣು ಸುರಿದಾಗ ಮಂಗಳೂರನ್ನೇ ನಂಬಿದ್ದ ರೋಗಿಗಳು ತಲಪಾಡಿಯಿಂದ ಹಿಂದಿರುಗಬೇಕಾಯಿತು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ರಸ್ತೆ ತೆರೆಸುವಂತೆ ಕೇಂದ್ರಕ್ಕೆ ಸೂಚಿಸಿತು, ಸುಪ್ರೀಂ ಕೋರ್ಟಿನವರೆಗೂ ಹೋದ ಮೇಲೆ ರೋಗಿಗಳ ಸಂಚಾರಕ್ಕೆ ಒಂದು ಕ್ರಮ ಬಂತು. ಈ ನಡುವೆ ಎಂಡೋಸಲ್ಫಾನ್ ಕೀಟನಾಶಕದಿಂದ ಪೀಡಿತ ಕುಟುಂಬಗಳು ಹೇಗಿದ್ದವೆಂದು ಹೊರಗಿನವರಿಗೆ ತಿಳಿಯದು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಆ ವಿಷ ಸುರಿಯುವುದು 2000ದಲ್ಲಿ ನಿಂತಿತು, ನೋವು ನಿಂತಿಲ್ಲ. ನನಗೆ ಗೊತ್ತಿರುವ ಒಂದು ಮನೆಯಲ್ಲಿ ಕುಳಿತುಕೊಳ್ಳಲೂ ಆಗದ ಹುಡುಗನಿದ್ದಾನೆ. ಫಿಟ್ಸ್‌ಗೆ ಅವನು ತೆಗೆದುಕೊಳ್ಳುವ ಮಾತ್ರೆ ಮಂಗಳೂರಿನದು. ಇಂಥ ಮಕ್ಕಳಿಗಾಗಿರುವ ಬಡ್ಸ್ ವಿಶೇಷ ಶಾಲೆಯೂ ಮುಚ್ಚಿದ್ದರಿಂದ ಹಗಲಿನ ನಾಲ್ಕು ಗಂಟೆಯ ಬಿಡುವೂ ತಾಯಿಗೆ ಹೋಯಿತು. ಮಾತ್ರೆ ಮುಗಿದ ಆ ಆರು ದಿನಗಳನ್ನು ನೆನೆಯುವಾಗ ಆಕೆ ಈಗಲೂ ಮಾತು ನಿಲ್ಲಿಸುತ್ತಾರೆ.

ಇವೆಲ್ಲ ಯಾರೂ ಊಹಿಸಲಾಗದ ಸಂಗತಿಗಳಾಗಿರಲಿಲ್ಲ. ಪಶ್ಚಿಮ ಆಫ್ರಿಕಾದಲ್ಲಿ 2014ರಿಂದ 2016ರವರೆಗೆ ಎಬೋಲಾ ಹರಡಿದಾಗ ಸಿಯೆರಾ ಲಿಯೋನ್ ದೇಶದಲ್ಲಿ ಶಾಲೆಗಳು ತಿಂಗಳುಗಟ್ಟಲೆ ಮುಚ್ಚಿದ್ದವು. ತೆರೆದಾಗ ಎಷ್ಟೋ ಹುಡುಗಿಯರು ಬಸುರಿಯಾಗಿದ್ದರು. ಬಸುರಿಯರು ತರಗತಿಗೆ ಬರಬಾರದೆಂದು ಅಲ್ಲಿನ ಸರಕಾರ ತಡೆಯಿತು, ಆ ತಡೆ ತೆರವಾದದ್ದು 2020ರ ಮಾರ್ಚ್‌ನಲ್ಲಿ, ಅಂದರೆ ನಮ್ಮ ಶಾಲೆಗಳು ಮುಚ್ಚಿದ ತಿಂಗಳಿನಲ್ಲೇ. ಯುದ್ಧ, ನೆರೆ, ರೋಗ ಯಾವುದೇ ಬರಲಿ, ಅನ್ನ ನೀರಿನ ಜೊತೆಯಲ್ಲೇ ಮಕ್ಕಳ ರಕ್ಷಣೆಯೂ ಮೊದಲ ದಿನದಿಂದ ನಡೆಯಬೇಕೆಂದು ಪರಿಹಾರ ಕಾರ್ಯ ಮಾಡುವ ಸಂಸ್ಥೆಗಳು 2012ರಲ್ಲೇ ಕನಿಷ್ಠ ನಿಯಮಗಳನ್ನು ಬರೆದು, 2019ರಲ್ಲಿ ಪರಿಷ್ಕರಿಸಿವೆ. ನಮ್ಮ ಪಂಚಾಯತಿನ ಆ ಪುಟವನ್ನು ತಲುಪಲು ಅದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ.

ಮತ್ತೆ ಬರುವುದಿಲ್ಲ ಎನ್ನುವಂತೆಯೂ ಇಲ್ಲ. ಕಲ್ಲಿಕೋಟೆಯಲ್ಲಿ 2018ರಲ್ಲಿ ಕಂಡ ನಿಫಾ 2021ರಲ್ಲಿ 12 ವರ್ಷದ ಬಾಲಕನನ್ನು ಕೊಂಡೊಯ್ದಿತು, 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಶಾಲೆಗಳು ಮತ್ತೆ ಮುಚ್ಚಿದವು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್ಮಲದ ಮಕ್ಕಳು ಗುಡ್ಡೆ ಕುಸಿದು ಒಂದೇ ರಾತ್ರಿಯಲ್ಲಿ ಮನೆ, ಹೆತ್ತವರು, ಶಾಲೆ ಎಲ್ಲವನ್ನೂ ಕಳೆದುಕೊಂಡರು.

ಆದ್ದರಿಂದ ಪಂಚಾಯತಿನಿಂದ ಹಿಡಿದು ಜಿಲ್ಲಾಡಳಿತದವರೆಗೆ ನಾನು ಕೇಳುವುದು ಹೊಸ ಕಟ್ಟಡವನ್ನಲ್ಲ, ದೊಡ್ಡ ಅನುದಾನವನ್ನೂ ಅಲ್ಲ. ಕಿಟ್ ತಲುಪಿಸಿದ ಅದೇ ಕಾಲುಗಳು ಇವೆ. ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ, ಕುಟುಂಬಶ್ರೀ ಮಹಿಳೆ, ಶಾಲೆಯ ಶಿಕ್ಷಕಿ. ಶಾಲೆ ಮುಚ್ಚಿದ ಮರುವಾರದಿಂದಲೇ ಇವರಲ್ಲಿ ಒಬ್ಬರು ವಾರಕ್ಕೊಮ್ಮೆ ಪ್ರತಿ ಮಗುವಿನ ಮನೆಗೆ ಹೋಗಬೇಕು, ಮಗುವಿನ ಜೊತೆ ಅಂಗಳದಲ್ಲೋ ತೋಟದ ಬದಿಯಲ್ಲೋ ಹತ್ತು ನಿಮಿಷ ಬೇರೆಯಾಗಿ ಮಾತನಾಡಬೇಕು, ಆ ಮಗುವಿನ ಮನೆಮಾತಿನಲ್ಲಿ. ಸಂಶಯ ಬಂದರೆ ಯಾರಿಗೆ ಹೇಳಬೇಕೆಂದು ಅವರಿಗೆ ಮೊದಲೇ ತಿಳಿಸಿರಬೇಕು. ಮಹಿಳೆಯರ, ಮಕ್ಕಳ ರಕ್ಷಣೆಗೆಂದಿರುವ ವಾರ್ಡಿನ ಜಾಗ್ರತಾ ಸಮಿತಿ ಕಾಗದದಲ್ಲಿ ಇದೆ, ಅದರ ಸಭೆ ಸೇರಿಸಿ. ಕಿಟ್ಟಿನ ರಿಜಿಸ್ಟರಿನಲ್ಲಿ ಹೆತ್ತವರ ಸಹಿಯ ಪಕ್ಕ ಇನ್ನೊಂದು ಗೆರೆ ಎಳೆಯಿರಿ: ಮಗುವನ್ನು ನೋಡಿದಿರಾ? ಜಿಲ್ಲೆಯ ಸಹಾಯವಾಣಿಯಲ್ಲಿ ಕನ್ನಡ, ತುಳು ಬಲ್ಲವರೊಬ್ಬರು ಎಲ್ಲ ಹೊತ್ತಿನಲ್ಲೂ ಇರಲಿ. ಕಾಸರಗೋಡು ಮತ್ತು ದಕ್ಷಿಣ ಕನ್ನಡ ಜಿಲ್ಲಾಧಿಕಾರಿಗಳು ಈಗಲೇ, ರೋಗವಿಲ್ಲದ ಈ ದಿನಗಳಲ್ಲೇ ಕುಳಿತು ಮಾತನಾಡಲಿ. ಔಷಧಿಗೆ, ಚಿಕಿತ್ಸೆಗೆ, ಹೆತ್ತವರ ಕೊನೆಯ ದರ್ಶನಕ್ಕೆ ಹೊರಟ ಮಗುವನ್ನು ತಲಪಾಡಿಯಲ್ಲಿ ಯಾರೂ ತಡೆಯುವಂತಿಲ್ಲ ಎಂದು ಬರೆದಿಡಲಿ. ಒಂದು ರಾಜ್ಯದ ಮರಣ ಪತ್ರವನ್ನು ಇನ್ನೊಂದು ರಾಜ್ಯದ ಕಚೇರಿಯೇ ತರಿಸಿಕೊಳ್ಳಲಿ, ಹತ್ತು ವರ್ಷದ ಮಗುವನ್ನೂ ಎಪ್ಪತ್ತರ ಅಜ್ಜಿಯನ್ನೂ ಅಲೆಸುವುದು ಬೇಡ.

ನಿಮ್ಮ ಪತ್ರಿಕೆಗೂ ಒಂದು ವಿನಂತಿ. ಕೊರೊನಾ ಕಾಲದಲ್ಲಿ ದಿನವೂ ಸೋಂಕಿತರ ಅಂಕಿ ಅಂಶಗಳನ್ನು ಚೌಕಟ್ಟಿನಲ್ಲಿ ಮುದ್ರಿಸುತ್ತಿದ್ದಿರಿ. ನಮ್ಮ ಕಡೆ ಬೀಡಿ ಕಟ್ಟುವವರ ಮನೆಗಳಲ್ಲೂ ಕನ್ನಡ ಪತ್ರಿಕೆ ಬರುತ್ತದೆ, ಮಕ್ಕಳು ಓದುತ್ತಾರೆ. ಮುಂದೆ ಅಂಥ ದಿನ ಬಂದರೆ ಆ ಚೌಕಟ್ಟಿನ ಕೆಳಗೆ 1098 ಎಂಬ ಸಂಖ್ಯೆಯನ್ನು, ಅದು ಉಚಿತ, ಮಗುವೇ ಕರೆ ಮಾಡಬಹುದು ಎಂಬ ಸಾಲನ್ನು ದೊಡ್ಡ ಅಕ್ಷರದಲ್ಲಿ ಹಾಕಿ.

ಮುಂದಿನ ಗ್ರಾಮಸಭೆಗೆ ನಾನು ನಮ್ಮ ವಾರ್ಡಿನ ಮಕ್ಕಳ ಪಟ್ಟಿ ಬರೆದು ಒಯ್ಯುತ್ತಿದ್ದೇನೆ. ಯಾವ ಮನೆಯಲ್ಲಿ ಎಷ್ಟು ಮಕ್ಕಳು, ಮನೆಮಾತು ಯಾವುದು, ಯಾರಿಗೆ ತಪ್ಪದ ಔಷಧಿ ಬೇಕು, ಹೆತ್ತವರು ಹಾಸಿಗೆ ಹಿಡಿದರೆ ಆ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ. 61 ಮನೆಗಳಿಗೆ ಹೋಗಿಯಾಗಿದೆ, ಕೋರೆಯ ಶೆಡ್ಡುಗಳು ಇನ್ನೂ ಬಾಕಿ ಇವೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಮಾಧ್ಯಮ ಶಿಕ್ಷಕಿ, ಮಂಜೇಶ್ವರ ತಾಲೂಕು, ಕಾಸರಗೋಡು ಜಿಲ್ಲೆ