‘ನಂಗೂ ಎರಡು ಬೇಕು’ ಅಂದವಳಿಗೆ, ಮತ್ತೆ ಉಳಿದವರಿಗೆ

ಕಳೆದ ವಾರ ನನ್ನ ಕೌನ್ಸೆಲಿಂಗ್ ಮುಗಿಯಿತು. ಒಟ್ಟು 14 ತಿಂಗಳು ಹೋಗಿದ್ದೆ. “ಇನ್ನು ಬೇಕು ಅನ್ನಿಸಿದಾಗ ಬನ್ನಿ, ಸಾಕು” ಎಂದರು ಮೇಡಂ. ಹೊರಗೆ ಬಂದು ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ಸುಮ್ನೆ ಕೂತೆ. ಯಾರ್ಯಾರಿಗೆ ಥ್ಯಾಂಕ್ಸ್ ಹೇಳಬೇಕು ಅಂತ ಎಣಿಸುತ್ತಾ ಹೋದರೆ, ಅವರಲ್ಲಿ ಜಾಸ್ತಿ ಜನರಿಗೆ ತಾವೇನು ಮಾಡಿದ್ದೇವೆ ಅನ್ನೋದೇ ಗೊತ್ತಿಲ್ಲ. ಅದಕ್ಕೇ ಎಲ್ಲರೆದುರು ಬರೆಯುತ್ತಿದ್ದೇನೆ.

ಹತ್ತಿರದವರಿಗೂ ಹೇಳದ ಮಾತನ್ನು ಮೊದಲು ಹೇಳಿಬಿಡುತ್ತೇನೆ. ಹಗಲು ಹೊತ್ತು ನಾನು ಅಳೆದು ತೂಗಿ ತಿನ್ನುವವಳು. ಬೆಳಗ್ಗೆ ಎದ್ದು ತೂಕ ನೋಡಬೇಕು, ಆಮೇಲೆ ತಿಂಡಿಯ ತೀರ್ಮಾನ. ಅರ್ಧ ಕಿಲೋ ಏರಿದ್ದರೆ ತಿಂಡಿ ಬಂದ್. “ಎಷ್ಟು ಕಂಟ್ರೋಲ್ ನಿಂಗೆ!” ಅಂತ ಎಲ್ಲರೂ ಹೊಗಳುತ್ತಿದ್ದರು. ರಾತ್ರಿ ಹನ್ನೊಂದೂವರೆಗೆ ಮನೆಯವರೆಲ್ಲ ಮಲಗಿದ ಮೇಲೆ ಇದೇ ಕಂಟ್ರೋಲಿನವಳು ಅಡುಗೆಮನೆಯಲ್ಲಿ ಲೈಟೂ ಹಾಕದೆ, ನಿಂತುಕೊಂಡೇ ಒಂದು ಪ್ಯಾಕೆಟ್ ಬಿಸ್ಕತ್ತು ಖಾಲಿ ಮಾಡುತ್ತಿದ್ದಳು. ರುಚಿಗೆ ಅಂತ ತಿಂದದ್ದಲ್ಲ. ಮೊದಲ ಮೂರು ಬಿಟ್ಟರೆ ಉಳಿದವು ಹೇಗಿದ್ದವು ಅಂತಲೂ ನೆನಪಿರುತ್ತಿರಲಿಲ್ಲ. ಆಮೇಲೆ ಕವರನ್ನು ಸದ್ದಾಗದ ಹಾಗೆ ಚಿಕ್ಕದಾಗಿ ಮಡಚಿ, ಕಸದ ಬುಟ್ಟಿಯಲ್ಲಿ ತರಕಾರಿ ಸಿಪ್ಪೆಯ ಕೆಳಗೆ ತಳ್ಳುವುದು. ಬೆಳಗ್ಗೆ ಮತ್ತೆ ತೂಕದ ಮೆಷಿನ್. ವರ್ಷಗಟ್ಟಲೆ ಹೀಗೇ ನಡೆಯಿತು.

ಮೊದಲ ಥ್ಯಾಂಕ್ಸ್ ನನ್ನ ತಂಗಿಗೆ. ನಾಲ್ಕು ದಿನ ಇದ್ದು ಹೋಗಲು ಬಂದಿದ್ದಳು. ರಾತ್ರಿ ನೀರು ಕುಡಿಯೋಕೆ ಎದ್ದವಳು ನನ್ನನ್ನು ನೋಡಿಬಿಟ್ಟಳು. ನನ್ನ ಬಾಯಿ ತುಂಬಿತ್ತು, ಕೈ ಬೆನ್ನ ಹಿಂದೆ ಇತ್ತು. ಅವಳು ಬೈಯಲಿಲ್ಲ. ಅಯ್ಯೋ ಪಾಪ ಅನ್ನಲೂ ಇಲ್ಲ. ಲೈಟು ಹಾಕಿದಳು, ಒಂದು ತಟ್ಟೆ ತೆಗೆದಳು, ಉಳಿದಿದ್ದ ಬಿಸ್ಕತ್ತನ್ನೆಲ್ಲ ಅದಕ್ಕೆ ಸುರಿದಳು. “ಕೂತ್ಕೊಂಡು ತಿನ್ನೋಣ ಬಾ ಅಕ್ಕಾ. ನಂಗೂ ಎರಡು ಬೇಕು” ಎಂದಳು. ಕೂತೆವು. ನಾನು ಒಂದು ತಿನ್ನುವಷ್ಟರಲ್ಲಿ ಅಳು ಬಂತು. ಅವಳು ಮಾತ್ರ ತನ್ನ ಎರಡನ್ನೂ ನಿಧಾನಕ್ಕೆ ತಿಂದು ಮುಗಿಸಿದಳು. ಮಾರನೇ ದಿನ ಮೊಬೈಲಿಗೆ ಕೌನ್ಸೆಲರ್ ನಂಬರ್ ಬಂದಿತ್ತು. ಜೊತೆಗೆ ಒಂದು ಮಾತೂ ಬರೆದಿರಲಿಲ್ಲ.

ಮೇಡಂ ಹತ್ತಿರ ನಾನು ಹೋದದ್ದು, ರಾತ್ರಿ ತಿನ್ನೋದನ್ನು ನಿಲ್ಲಿಸಿಕೊಡಿ ಅಂತ ಕೇಳೋಕೆ. ಅವರು ಕೇಳಿದ್ದೆಲ್ಲ ಹಗಲಿನ ಬಗ್ಗೆ. ಬೆಳಗ್ಗೆ ಏನು ತಿಂದ್ರಿ? ಎಷ್ಟು ಗಂಟೆಗೆ? ಅದಕ್ಕಿಂತ ಮುಂಚೆ ಯಾವಾಗ ತಿಂದಿದ್ರಿ? ಆಮೇಲೆ ಒಂದು ಹಳೆಯ ಪ್ರಯೋಗದ ಕಥೆ ಹೇಳಿದರು. ಎರಡನೇ ಮಹಾಯುದ್ಧ ಮುಗಿಯುತ್ತಾ ಬಂದ ಹೊತ್ತು, 1944-45. ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ, ತಾವಾಗಿಯೇ ಮುಂದೆ ಬಂದ 36 ಗಂಡಸರನ್ನು 24 ವಾರ ಅರೆಹೊಟ್ಟೆಯಲ್ಲಿಟ್ಟು ನೋಡಿದರು. ದಿನಕ್ಕೆ ಸುಮಾರು 1,570 ಕ್ಯಾಲೊರಿ ಊಟ. ಗಟ್ಟಿಮುಟ್ಟಾಗಿದ್ದ ಹುಡುಗರು ಹಗಲೂ ರಾತ್ರಿ ಊಟದ ಮಾತೇ ಆಡತೊಡಗಿದರು. ಕೆಲವರು ಅಡುಗೆ ಪುಸ್ತಕ ಹಿಡಿದು ಕೂತರು, ತಟ್ಟೆ ನೆಕ್ಕಿದರು. ಪ್ರಯೋಗ ಮುಗಿದು ಬೇಕಾದಷ್ಟು ಊಟ ಸಿಕ್ಕಮೇಲೂ ಕೆಲವರಿಗೆ ಎಷ್ಟು ತಿಂದರೂ ತೃಪ್ತಿಯಿಲ್ಲ.

ನನ್ನ ಆ್ಯಪ್‌ನಲ್ಲಿ ನಾನಿಟ್ಟುಕೊಂಡಿದ್ದ ಗುರಿ ದಿನಕ್ಕೆ 1,200 ಕ್ಯಾಲೊರಿ. ಅವರು ಗಂಡಸರು, ವಾರಕ್ಕೆ 22 ಮೈಲಿ ನಡೆಯಬೇಕಿತ್ತು, ನನಗೂ ಅವರಿಗೂ ಎಲ್ಲಿಯ ಹೋಲಿಕೆ ಅಂತ ವಾದ ಮಾಡಿದೆ. ಮೇಡಂ ನಕ್ಕರು. “ಸರಿ, ಮಲಗೋ ಮುಂಚೆ ಅಡುಗೆ ವಿಡಿಯೊ ಎಷ್ಟು ಹೊತ್ತು ನೋಡ್ತೀರಿ?” ಸುಳ್ಳು ಹೇಳೋಣ ಅನ್ನಿಸಿತು. ಒಂದೂವರೆ ಗಂಟೆ ಎಂದೆ.

ಅವರು ಕೊಟ್ಟ ಮದ್ದು ಕೇಳಿದರೆ ನಗು ಬರುತ್ತದೆ. ಮೂರು ಹೊತ್ತು ಊಟ, ನಡುವೆ ಎರಡು ಸಲ ಸಣ್ಣದಾಗಿ ಏನಾದರೂ. ನಾಲ್ಕು ಗಂಟೆಗಿಂತ ಜಾಸ್ತಿ ಖಾಲಿ ಹೊಟ್ಟೆಯಲ್ಲಿ ಇರಬಾರದು. ಹಿಂದಿನ ರಾತ್ರಿ ಎಷ್ಟೇ ತಿಂದಿದ್ದರೂ ಬೆಳಗಿನ ತಿಂಡಿ ಬಿಡುವ ಹಾಗಿಲ್ಲ. ಈ ಕೊನೆಯದು ನನ್ನನ್ನು ಹಣ್ಣು ಮಾಡಿತು. ತಿಂದದ್ದಕ್ಕೆ ಶಿಕ್ಷೆ ಕೊಟ್ಟುಕೊಂಡೇ ಅಭ್ಯಾಸವಾದವಳಿಗೆ, ಶಿಕ್ಷೆಯಿಲ್ಲದ ಬೆಳಗ್ಗೆ ಏನು ಮಾಡಬೇಕು ಅಂತಲೇ ತಿಳಿಯುವುದಿಲ್ಲ.

ಅದಕ್ಕೂ ಮೊದಲು ಒಬ್ಬ ಡಾಕ್ಟರ ಹತ್ತಿರ ಹೋಗಿದ್ದೆ. “ಬಾಯಿಗೆ ಬೀಗ ಹಾಕಿ” ಅಂದಿದ್ದರು, ಅಷ್ಟೇ. ನನ್ನದು ಬರೀ ನಾಲಗೆ ಚಪಲ ಅಲ್ಲ, ಬಿಂಜ್ ಈಟಿಂಗ್ ಡಿಸಾರ್ಡರ್, ಅಂದರೆ ಹಿಡಿತ ತಪ್ಪಿ ಮತ್ತೆ ಮತ್ತೆ ಒಂದೇ ಸಲಕ್ಕೆ ವಿಪರೀತ ತಿನ್ನುವ ಕಾಯಿಲೆ, ಅಂತ ಮೊದಲು ಹೇಳಿದ್ದು ಮೇಡಂ. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ಜಾಗ ಸಿಕ್ಕಿದೆಯಂತೆ. ಬೇಜಾರಾದಾಗ ಒಂದು ಚಾಕೊಲೇಟ್ ತಿನ್ನೋದಕ್ಕೆಲ್ಲ ಈ ಹೆಸರು ಹಚ್ಚಬೇಡಿ ಮತ್ತೆ. ಅದನ್ನು ಎಲ್ಲರೂ ಮಾಡುತ್ತಾರೆ, ನಾನೂ ಈಗ ಹಾಯಾಗಿ ಮಾಡುತ್ತೇನೆ.

ತೂಕದ ಮೆಷಿನ್ನನ್ನು ಅಟ್ಟಕ್ಕೆ ಹಾಕಿ, ಎಲ್ಲಿದೆ ಅಂತ ಮೂರು ಸಲ ಕೇಳಿದರೂ ಹೇಳದ ನಮ್ಮ ಯಜಮಾನರಿಗೆ ಥ್ಯಾಂಕ್ಸ್. ಆಫೀಸಿನಲ್ಲಿ ದಿನಾ ಎದುರಿಗೇ ಕೂತು ಊಟ ಮಾಡಿದರೂ ನನ್ನ ಡಬ್ಬಿಯ ಬಗ್ಗೆ ಒಂದು ದಿನವೂ ಏನೂ ಹೇಳದ ಗೆಳತಿಗೆ ಥ್ಯಾಂಕ್ಸ್. ಅವಳಿಗೆ ಇದನ್ನು ಓದಿದರೆ ಆಶ್ಚರ್ಯವಾಗುತ್ತೆ.

ಅಮ್ಮನಿಗೆ ಬೇರೆಯೇ ಲೆಕ್ಕದ ಥ್ಯಾಂಕ್ಸ್. ಫೋನ್ ಎತ್ತಿದ ಕೂಡಲೇ “ತೂಕ ಎಷ್ಟಾಯ್ತು?” ಅನ್ನೋದು ಅವಳ ಪದ್ಧತಿ. ಇನ್ನು ಮೇಲೆ ಕೇಳಬೇಡಮ್ಮ ಎಂದೆ. “ನಿನ್ನ ಒಳ್ಳೇದಕ್ಕೇ ಅಲ್ವಾ ಕೇಳೋದು” ಅಂತ ಎರಡು ವಾರ ಮುನಿಸಿಕೊಂಡಳು. ಆಮೇಲೆ ಒಂದು ದಿನ ಅವಳೇ ಫೋನ್ ಮಾಡಿ, “ತೂ...” ಅಂತ ಶುರು ಮಾಡಿ, ತಡೆದು, “...ಮಳೆ ಬಂತಾ ಅಲ್ಲಿ?” ಎಂದಳು. ಈಗಲೂ ವಾರಕ್ಕೊಂದು ಸಲ ಆ ‘ತೂ’ ಬಾಯಿಗೆ ಬರುತ್ತದೆ, ನುಂಗಿಕೊಳ್ಳುತ್ತಾಳೆ. ಎಪ್ಪತ್ತರ ಹತ್ತಿರ ಬಂದವಳು ನನಗೋಸ್ಕರ ಮಾತನ್ನೇ ಬದಲಿಸಿಕೊಂಡಿದ್ದಾಳೆ. ಮಳೆ ಬರಲಿ ಬಿಡಲಿ, ಬಂತಮ್ಮ ಅನ್ನುತ್ತೇನೆ.

ಪೂರ್ತಿ ವಾಸಿಯಾಯ್ತು ಅಂತ ಹೇಳಿಕೊಳ್ಳಲಾರೆ. ಕಳೆದ ಆರು ತಿಂಗಳಲ್ಲಿ ಮೂರು ಕೆಟ್ಟ ರಾತ್ರಿಗಳಿದ್ದವು. ಮೂರೂ ಸಲ ಬೆಳಗ್ಗೆ ತಿಂಡಿ ತಿಂದೆ.

ಮೊನ್ನೆ ಅಡುಗೆಮನೆಯ ಡಬ್ಬಿ ತೆಗೆದು ನೋಡಿದರೆ ಬಿಸ್ಕತ್ತು ಮೆತ್ತಗಾಗಿತ್ತು. ನಮ್ಮನೆಯಲ್ಲಿ ಬಿಸ್ಕತ್ತು ಮೆತ್ತಗಾಗುವಷ್ಟು ದಿನ ಉಳಿದದ್ದು ಇದೇ ಮೊದಲು. ಫೋಟೊ ತೆಗೆದು ತಂಗಿಗೆ ಕಳಿಸಿದೆ. ತಕ್ಷಣ ಉತ್ತರ ಬಂತು: “ಅದನ್ನ ನೀನೇ ತಿನ್ನು ಅಕ್ಕಾ. ನಾನು ಬಂದಾಗ ಹೊಸ ಪ್ಯಾಕೆಟ್ ಒಡಿ.”