ಪೈಪ್ ತರಿಸುವ ಮೊದಲು ಪ್ಲಗ್ ನೋಡು

ದಾವಣಗೆರೆ

ಚಿ. ಪ್ರಮೋದನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು. ಇತ್ತ ನಾವೆಲ್ಲ ಕ್ಷೇಮ.

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಪಟ್ಟಿ ನೋಡಿದೆ, ಚೀನಾ ಎಂಜಿನ್ ಕಿಟ್ ಕೂರಿಸಿದ ನಿನ್ನ ಸೈಕಲ್ಲಿಗೆ ಹಾಕಬೇಕು ಅಂತಿರುವ ಪಾರ್ಟುಗಳದ್ದು. ಎಕ್ಸ್‌ಪಾನ್ಷನ್ ಪೈಪು (ಹೊಟ್ಟೆ ಉಬ್ಬಿದ ಸೈಲೆನ್ಸರ್), ಹೈ ಕಂಪ್ರೆಷನ್ ಹೆಡ್ಡು (ಸಿಲಿಂಡರಿನ ಮುಚ್ಚಳ), ದೊಡ್ಡ ಕಾರ್ಬೊರೇಟರ್, ಮಿಶ್ರಣವನ್ನು ಒಳಗೆ ಮಾತ್ರ ಬಿಡುವ ರೀಡ್ ವಾಲ್ವು, ಹಿಂದಕ್ಕೆ 36 ಹಲ್ಲಿನ ಸ್ಪ್ರಾಕೆಟ್ಟು (ಚೈನಿನ ಹಲ್ಲುಚಕ್ರ), ಬಣ್ಣದ ಸಿಡಿಐ (ಪ್ಲಗ್ಗಿಗೆ ಕಿಡಿ ಕೊಡುವ ಡಬ್ಬಿ). ಸೈಕಲ್ಲಿಗಿಂತ ಈ ಪಟ್ಟಿಯ ರೇಟೇ ಜಾಸ್ತಿ ಆಯ್ತಲ್ಲೋ. "ಯಾವುದನ್ನು ಮೊದಲು ತರಿಸಲಿ ಮಾವ" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಿದರೆ ನೀನು ಅರ್ಧ ಕೇಳಿ ಆರ್ಡರ್ ಮಾಡಿಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಪಟ್ಟಿಯ ಜೊತೆ ಪ್ಲಗ್ಗಿನ ಫೋಟೋ ಹಾಕಿದ್ದೀಯಲ್ಲ, ನನ್ನ ಉತ್ತರ ಅದರಲ್ಲೇ ಇದೆ. ನಡುವಿನ ಪಿಂಗಾಣಿ ಬೆಳ್ಳಗಿದೆ. ನೀನು ಕೆಳಗೆ "ಎಷ್ಟು ಕ್ಲೀನಾಗಿ ಉರೀತಿದೆ ನೋಡಿ" ಅಂತ ಬರೆದಿದ್ದೀಯ. ಅಲ್ಲಪ್ಪ, ಟೂ ಸ್ಟ್ರೋಕಿನ ಪ್ಲಗ್ಗು ಕಾಫಿ ಪುಡಿಯ ಬಣ್ಣಕ್ಕೆ ಇರಬೇಕು. ಬೆಳ್ಳಗಿದೆ ಅಂದರೆ ಒಳಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ, ಬಿಸಿ ಮಿತಿ ಮೀರುತ್ತಿದೆ. ಇದರಲ್ಲಿ ಎಣ್ಣೆ ಒಳಗೆ ಹೋಗುವುದೂ ಪೆಟ್ರೋಲಿನ ಜೊತೆಗೇ. ಹಾಗಾಗಿ ಬಿಸಿ ಏರುವ ಹೊತ್ತಿಗೇ ಎಣ್ಣೆಯೂ ಕಮ್ಮಿ ಬೀಳುತ್ತದೆ. ಪಿಸ್ಟನ್ ಹಿಗ್ಗಿ ಸಿಲಿಂಡರಿನಲ್ಲಿ ಕಚ್ಚಿಕೊಳ್ಳುವುದು ಹೀಗೇ. ಈಗಿನ ಸ್ಥಿತಿಯಲ್ಲೇ ಅರೆಹೊಟ್ಟೆಯಲ್ಲಿರುವ ಎಂಜಿನ್ನಿಗೆ ಇನ್ನೂ ಜೋರಾಗಿ ಉಸಿರಾಡಿಸುವ ಪಾರ್ಟು ಹಾಕಲು ಹೊರಟಿದ್ದೀಯ. ಆ ಪಟ್ಟಿಯಲ್ಲಿ ಯಾವುದನ್ನು ಹಾಕಿದರೂ ಈ ಬಿಳಿ ಪ್ಲಗ್ಗಿನ ಮೇಲೆ ಹಾಕಿದ ಹಾಗಾಗುತ್ತದೆ.

ಯಾಕೆ ಹೀಗಾಗಿದೆ ಅಂತ ಇಲ್ಲಿಂದಲೇ ಅಂದಾಜು ಮಾಡಬಲ್ಲೆ. ಬೆಂಗಳೂರಿನ ಗೆಳೆಯ ಹೇಳಿದ ನಂಬರಿನ ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ತಿರುಪು) ಹಾಕಿದ್ದೇನೆ ಅಂದೆ. ಬೆಂಗಳೂರು ಸಮುದ್ರಕ್ಕಿಂತ 900 ಮೀಟರಿಗೂ ಮೇಲಿದೆ. ನೀನಿರುವುದು ಮಂಗಳೂರಿನಲ್ಲಿ, ಸಮುದ್ರದ ಪಕ್ಕ. ಅಲ್ಲಿಯ ಗಾಳಿ ದಟ್ಟ. ಅವನ ಊರಿಗೆ ಸರಿಯಾದ ಜೆಟ್ಟು ನಿನ್ನ ಊರಿಗೆ ಸಣ್ಣದಾಗುತ್ತದೆ. ಇದರ ಮೇಲೆ ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ಉರಿಯಲು ಪೆಟ್ರೋಲಿಗಿಂತ ಕಮ್ಮಿ ಗಾಳಿ ಸಾಕು. ಅಂದರೆ ಅದೇ ತೂತಿನಿಂದ ಅಷ್ಟೇ ಇಂಧನ ಹೋದರೂ ಗಾಳಿಯ ಪಾಲೇ ಹೆಚ್ಚಾಗುತ್ತದೆ. ಹೆದರಿ 2ಟಿ ಆಯಿಲ್ ಜಾಸ್ತಿ ಸುರಿಯಲು ಹೋಗಬೇಡ. ಲೀಟರಿಗೆ 50 ಮಿಲಿ, ಅಂದರೆ 20ಕ್ಕೆ 1, ಸಾಕು. ಎಣ್ಣೆ ಹೆಚ್ಚಾದಷ್ಟೂ ಅದೇ ಜೆಟ್ಟಿನಲ್ಲಿ ಪೆಟ್ರೋಲಿನ ಪಾಲು ಕಮ್ಮಿಯಾಗುತ್ತದೆ, ಅಲ್ವಾ?

ಇನ್ನೊಂದು ಗುಮಾನಿ, ಎಲ್ಲೋ ಗಾಳಿ ಎಳೆಯುತ್ತಿದೆ. ಈ ಚೀನಾ ಕಿಟ್ಟುಗಳಲ್ಲಿ ಕಾರ್ಬೊರೇಟರ್ ಮ್ಯಾನಿಫೋಲ್ಡಿಗೆ (ಎಂಜಿನ್ನಿಗೆ ಹೋಗುವ ಕೊಳವೆ) ಕೂರುವ ಜಾಗವೇ ಸಡಿಲ. ತಣ್ಣಗಿದ್ದ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಐಡ್ಲಿಂಗಿನಲ್ಲಿ ಬಿಟ್ಟು ಆ ಜಾಗಕ್ಕೆ ಕಾರ್ಬ್ ಕ್ಲೀನರ್ ಒಂದು ಚೂರು ಹೊಡೆದು ನೋಡು. ಸದ್ದು ಬದಲಾಯಿತು ಅಂದರೆ ಅಲ್ಲೇ ಲೀಕು. ಅದು ಬೆಂಕಿ ಹಿಡಿಯುವ ಸಾಮಾನು. ಸೈಲೆನ್ಸರ್ ಬಿಸಿ ಇರುವಾಗ, ಹಾಸ್ಟೆಲ್ ರೂಮಿನ ಒಳಗೆ, ಈ ಕೆಲಸ ಮಾಡಿದೆ ಅಂತ ಗೊತ್ತಾದರೆ ನಾನೇ ಬಂದು ಕಿಟ್ ಬಿಚ್ಚಿಕೊಂಡು ಹೋಗುತ್ತೇನೆ. ಹಾಗೇ ಗ್ಯಾಸ್ಕೆಟ್ಟಿನ ತೂತನ್ನೂ ಸಿಲಿಂಡರಿನ ಪೋರ್ಟನ್ನೂ (ಮಿಶ್ರಣ, ಹೊಗೆ ಓಡಾಡುವ ಬಾಯಿ) ಹೊಂದಿಸಿ ನೋಡು. ಕೆಲವು ಕಿಟ್ಟುಗಳಲ್ಲಿ ಗ್ಯಾಸ್ಕೆಟ್ಟಿನ ಅಂಚು ದಾರಿಗೆ ಅಡ್ಡ ಬಂದಿರುತ್ತದೆ. ಬ್ಲೇಡಿನಲ್ಲಿ ಕತ್ತರಿಸಿ ಸರಿ ಮಾಡು. ಇದಕ್ಕೆ ಕಾಸಿಲ್ಲ, ಪಿಕಪ್ ಮಾತ್ರ ಬರುತ್ತದೆ.

ಅಂದ ಹಾಗೆ ನಿನ್ನ ಎಂಜಿನ್ ಮಾರುವವರು ಹೇಳುವ ಹಾಗೆ 80 ಸಿಸಿ ಅಲ್ಲ. ಬೋರು 47 ಮಿ.ಮೀ., ಸ್ಟ್ರೋಕು 38 ಅಂತ ನೀನೇ ಅಳೆದು ಹೇಳಿದೆ. ಲೆಕ್ಕ ಹಾಕು, 66 ಬರುತ್ತದೆ. ಮಾರುವವರು ಏನು ಬೇಕಾದರೂ ಬರೆದುಕೊಳ್ಳಲಿ.

ನಿನ್ನ ಹುಚ್ಚನ್ನು ನಾನು ಬೈಯುವುದಿಲ್ಲ. 1946ರಲ್ಲಿ ಸೊಯಿಚಿರೊ ಹೋಂಡಾ ಜಪಾನಿನ ಹಮಾಮತ್ಸುನಲ್ಲಿ ಮಾಡಿದ್ದೂ ಇದನ್ನೇ. ಸೈನ್ಯದ ವೈರ್‌ಲೆಸ್ ಸೆಟ್ಟಿಗೆ ಕರೆಂಟು ಕೊಡಲು ಇದ್ದ ಪುಟ್ಟ ಎಂಜಿನ್ನುಗಳು ಯುದ್ಧ ಮುಗಿದ ಮೇಲೆ ಉಳಿದುಹೋಗಿದ್ದವು. ಅವನ್ನು ಸೈಕಲ್ಲಿಗೆ ಕೂರಿಸಿ ಮಾರಿದ. ಅವನ ಕಂಪನಿಯ ಬುಡ ಅದೇ.

ಈಗ ಪೈಪಿನ ವಿಷಯ. ಇದರ ಹಿಂದೆ ದೊಡ್ಡ ಕಥೆಯೇ ಇದೆ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂಝಡ್ ಅನ್ನುವ ಬೈಕ್ ಕಂಪನಿಯಲ್ಲಿ ವಾಲ್ಟರ್ ಕಾಡೆನ್ ಅನ್ನುವ ಎಂಜಿನಿಯರ್ ಇದರ ಮೇಲೆ ಬಿದ್ದು ಕೆಲಸ ಮಾಡಿದ. 1961ರ ಹೊತ್ತಿಗೆ ಬರೀ 125 ಸಿಸಿಯಲ್ಲಿ 25 ಅಶ್ವಶಕ್ತಿ ತೆಗೆದಿದ್ದ. ಅದೇ ವರ್ಷ ಅವನ ರೈಡರ್ ಅರ್ನ್ಸ್ಟ್ ಡೆಗ್ನರ್ ಸ್ವೀಡನ್ನಿನ ರೇಸಿಗೆ ಹೋದವನು ಊರಿಗೆ ವಾಪಸ್ ಬರಲೇ ಇಲ್ಲ, ಸುಝುಕಿ ಸೇರಿಕೊಂಡ. ಎಂಝಡ್‌ನ ಗುಟ್ಟೂ ಅವನ ಜೊತೆ ಹೋಯಿತು. ಮರುವರ್ಷ ಸುಝುಕಿ ಮೇಲೆ 50 ಸಿಸಿ ವಿಶ್ವ ಚಾಂಪಿಯನ್ ಆದ. ಆ ಗುಟ್ಟಿನ ಬಹುಪಾಲು ಇದ್ದದ್ದು ಈ ಹೊಟ್ಟೆ ಉಬ್ಬಿದ ಪೈಪಿನಲ್ಲೇ.

ಅದು ಕೆಲಸ ಮಾಡುವುದು ಹೀಗೆ. ಹೊಗೆ ಹೊರಗೆ ನುಗ್ಗುವಾಗ ಒತ್ತಡದ ಒಂದು ಅಲೆ ಪೈಪಿನೊಳಗೆ ಓಡುತ್ತದೆ. ಪೈಪ್ ಅಗಲವಾಗುವ ಕಡೆ ಅದರಿಂದ ಒಂದು ಎಳೆತ ಹಿಂದಕ್ಕೆ ಬಂದು ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನು ಎಳೆದುಹಾಕುತ್ತದೆ. ಜೊತೆಗೆ ಸ್ವಲ್ಪ ಹೊಸ ಮಿಶ್ರಣವೂ ಹೊರಗೆ ಹೋಗುತ್ತದೆ. ಮುಂದೆ ಪೈಪ್ ಕಿರಿದಾಗುವ ಕಡೆ ಅಲೆ ತಿರುಗಿ ಬಂದು, ಹಾಗೆ ಹೊರಬಿದ್ದದ್ದನ್ನು ಪೋರ್ಟ್ ಮುಚ್ಚುವ ಮೊದಲು ಮತ್ತೆ ಒಳಗೆ ನೂಕುತ್ತದೆ. ಆದರೆ ಇದು ಟೈಮಿಂಗಿನ ಆಟ. ಪೈಪಿನ ಉದ್ದಕ್ಕೆ ಒಪ್ಪುವ ಆರ್‌ಪಿಎಂನಲ್ಲಿ ಮಾತ್ರ ಅಲೆ ಸರಿಯಾದ ಹೊತ್ತಿಗೆ ಬರುತ್ತದೆ. ಅದಕ್ಕಿಂತ ಕೆಳಗೆ ಹಳೆ ಸೈಲೆನ್ಸರ್ರೇ ವಾಸಿ. ಬರೀ ಆಕಾರ ನೋಡಿ ಕೊಳ್ಳಬೇಡ, ಯಾವ ಎಂಜಿನ್ನಿಗೆ, ಎಷ್ಟು ಆರ್‌ಪಿಎಂಗೆ ಅಂತ ಹೇಳಲು ಬರುವವನ ಹತ್ತಿರ ಕೊಳ್ಳು. ಪೈಪ್ ಹಾಕಿದ ದಿನವೇ ಮೇನ್ ಜೆಟ್ ದೊಡ್ಡದು ಮಾಡಬೇಕು. ಒಳಗೆ ತುಂಬುವುದು ಜಾಸ್ತಿ ಆಯಿತಲ್ಲ, ಪೆಟ್ರೋಲೂ ಜಾಸ್ತಿ ಬೇಕು.

ನಿನ್ನ ಪಟ್ಟಿಯಲ್ಲಿ ಒಂದು ಜಗಳವಿದೆ, ಗಮನಿಸಿದೆಯಾ? ಪೈಪಿಗೆ ಎಂಜಿನ್ ಜೋರಾಗಿ ತಿರುಗಬೇಕು. ಈಗಿರುವ 44ರ ಬದಲು 36 ಹಲ್ಲಿನ ಸ್ಪ್ರಾಕೆಟ್ಟು ಹಾಕಿದರೆ ಅದೇ ವೇಗಕ್ಕೆ ಎಂಜಿನ್ ನಿಧಾನ ತಿರುಗುತ್ತದೆ. ಕದ್ರಿ ಏರಿನಲ್ಲಿ ಎಂಜಿನ್ ಪೈಪಿನ ಆರ್‌ಪಿಎಂ ಮುಟ್ಟುವುದೇ ಇಲ್ಲ, ಗೊರಗೊರ ಅನ್ನುತ್ತ ಕ್ಲಚ್ ಸುಡುತ್ತದೆ. ಸಮತಟ್ಟಿನಲ್ಲಿ ತೊಂದರೆ ಬೇರೆಯೇ. ಈಗ ಒಳಗಿನ ಗೇರು 4.1, ಹೊರಗೆ ಎಂಜಿನ್ನಿನ 10 ಹಲ್ಲಿಗೆ ಹಿಂದಿನ ಚಕ್ರದ 44 ಹಲ್ಲು. 26 ಇಂಚಿನ ಚಕ್ರಕ್ಕೆ 5000 ಆರ್‌ಪಿಎಂನಲ್ಲಿ ಗಂಟೆಗೆ ಸುಮಾರು 34 ಕಿ.ಮೀ. ಪೈಪು, 36 ಹಲ್ಲು ಎರಡೂ ಹಾಕಿ 7000ಕ್ಕೆ ಎತ್ತಿದರೆ 59. ನಿಲ್ಲಿಸಬೇಕಾದ ಶಕ್ತಿ ಮೂರು ಪಟ್ಟು! ಕ್ರ್ಯಾಂಕ್ ಬೇರಿಂಗಿನ ಮೇಲೆ ಬೀಳುವ ಎಳೆತವೂ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ. ಈ ಕಿಟ್ಟುಗಳಲ್ಲಿ ಪಿಸ್ಟನ್ ಪಿನ್ನಿನ ಬೇರಿಂಗು ಅಷ್ಟಕ್ಕೆ ಮಾಡಿದ್ದಲ್ಲ.

ಬ್ರೇಕು ಏನಿದೆ ನಿನ್ನ ಸೈಕಲ್ಲಿಗೆ? ರಿಮ್ಮಿಗೆ ಒತ್ತುವ ರಬ್ಬರ್ ತುಂಡು. ಜೂನ್ ಬಂದರೆ ನಿಮ್ಮೂರಿನ ಮಳೆ ಗೊತ್ತಲ್ಲ, ಒದ್ದೆ ರಿಮ್ಮಿನ ಮೇಲೆ ಅದು ಸುಮ್ನೆ ಜಾರುತ್ತದೆ. ಮುಂದಕ್ಕೆ ಒಳ್ಳೆ ಡಿಸ್ಕ್ ಹಾಕಿಸು, ಫೋರ್ಕಿನಲ್ಲಿ ಅದಕ್ಕೆ ಜಾಗ ಇದೆಯಾ ಅಂತ ಮೊದಲು ನೋಡಿಕೋ. ಆಮೇಲೆ ಹಿಂದಿನ ಚಕ್ರ. ಆ ಸ್ಪ್ರಾಕೆಟ್ಟು ನಿಂತಿರುವುದು ಕಡ್ಡಿಗಳ ನಡುವೆ ಹಿಡಿಸಿದ ರಬ್ಬರಿನ ಮೇಲೆ, 9 ಬೋಲ್ಟಿನಲ್ಲಿ. ಎಳೆತವೆಲ್ಲ ಕಡ್ಡಿಗೆ. ಪ್ರತಿ ಸಲ ಹೊರಡುವ ಮೊದಲು ಕಡ್ಡಿಗಳನ್ನು ಎರಡೆರಡಾಗಿ ಹಿಂಡಿ ನೋಡು, ಸಡಿಲ ಇರುವುದು ಕೈಗೇ ಗೊತ್ತಾಗುತ್ತದೆ. ಸಾಧ್ಯವಾದರೆ ಹಬ್ಬಿಗೆ ಹಿಡಿಸುವ ಅಡಾಪ್ಟರ್ ತರಿಸು. ಪಟ್ಟಿಯ ಮೊದಲ ಖರ್ಚು ಇವೇ ಆಗಲಿ.

ಹೆಡ್ಡು ಆಮೇಲೆ ನೋಡೋಣ. ಹಾಕುವ ದಿನ ಪ್ಲಗ್ಗಿನ ತೂತಿನಿಂದ ಸೋಲ್ಡರ್ ತಂತಿಯನ್ನು ಪಿಸ್ಟನ್ನಿನ ಅಂಚಿಗೆ ಮುಟ್ಟುವ ಹಾಗೆ ಇಳಿಸಿ, ಕೈಯಲ್ಲಿ ಎಂಜಿನ್ ಒಂದು ಸುತ್ತು ತಿರುಗಿಸು. ಚಪ್ಪಟೆಯಾದ ತುದಿಯನ್ನು ವರ್ನಿಯರ್‌ನಲ್ಲಿ ಅಳೆ, ಪಿಸ್ಟನ್ನಿಗೂ ಹೆಡ್ಡಿಗೂ ನಡುವೆ ಉಳಿಯುವ ಜಾಗ ಅದೇ. 0.8 ಮಿ.ಮೀ.ಗಿಂತ ತೆಳ್ಳಗಿದ್ದರೆ ಸ್ಟಾರ್ಟ್ ಮಾಡಬೇಡ, ನನಗೆ ಫೋನ್ ಮಾಡು. ನಟ್ಟುಗಳನ್ನು ಎಂಜಿನ್ ತಣ್ಣಗಿರುವಾಗ, ಎದುರುಬದುರು, ಸ್ವಲ್ಪ ಸ್ವಲ್ಪವೇ ಬಿಗಿ. ಆ ಸ್ಟಡ್ಡುಗಳಲ್ಲಿ ಜೀವವಿಲ್ಲ, ಜೋರು ತೋರಿಸಿದರೆ ಕೈಗೆ ಬರುತ್ತವೆ. ರೀಡ್ ವಾಲ್ವು ಒಳ್ಳೆಯದೇ, ನಮ್ಮ ಆರ್‌ಎಕ್ಸ್ 100ರಲ್ಲೂ ಇತ್ತು, ಆದರೆ ಸದ್ಯಕ್ಕೆ ಬೇಡ. ಬಣ್ಣದ ಸಿಡಿಐ ಬರೀ ಬಣ್ಣ.

ಕಾನೂನಿನ ಮಾತು ನಿನಗೆ ಇಷ್ಟವಾಗುವುದಿಲ್ಲ, ಗೊತ್ತು. ಮೋಟಾರು ವಾಹನ ಕಾಯ್ದೆಯಲ್ಲಿ ನಾಲ್ಕು ಚಕ್ರಕ್ಕಿಂತ ಕಮ್ಮಿ ಇದ್ದು 25 ಸಿಸಿ ದಾಟದ ಗಾಡಿಗೆ ಮಾತ್ರ ವಿನಾಯಿತಿ. ನಿನ್ನದು 66. ರಿಜಿಸ್ಟ್ರೇಷನ್ ಇಲ್ಲ, ಇನ್ಶೂರೆನ್ಸ್ ಇಲ್ಲ. ರಸ್ತೆಯಲ್ಲಿ ಯಾರಿಗಾದರೂ ತಾಗಿದರೆ ಅದರ ಪರಿಹಾರ ನಿಮ್ಮಪ್ಪ ಮನೆ ಮಾರಿ ಕಟ್ಟಬೇಕಾಗುತ್ತದೆ. ಕಾಲೇಜಿನವರು ಗ್ರೌಂಡಿನಲ್ಲಿ ಓಡಿಸಲು ಒಪ್ಪಿದರೆ ಅಲ್ಲಿ ಓಡಿಸು. ಹೆಲ್ಮೆಟ್ ಅಲ್ಲೂ ಬೇಕು.

ಈಗ ಮಾಡಬೇಕಾದ್ದು ಇಷ್ಟು. ಲೀಕು ಹುಡುಕು. ಜೆಟ್ ಒಂದು ನಂಬರ್ ದೊಡ್ಡದು ಹಾಕು. ಹೊಸ ಪ್ಲಗ್ ಹಾಕಿ ಗ್ರೌಂಡಿನಲ್ಲಿ ಪೂರ್ತಿ ಆಕ್ಸಿಲರೇಟರಿನಲ್ಲಿ ಒಂದು ಸಲ ಎಳೆ. ಹಾಗೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡು, ಐಡ್ಲಿಂಗಿಗೆ ಬಿಡಬೇಡ. ಆರಿದ ಮೇಲೆ ಪ್ಲಗ್ ಬಿಚ್ಚಿ ಹಗಲು ಬೆಳಕಿನಲ್ಲಿ ಫೋಟೋ ತೆಗೆದು ಕಳಿಸು, ಟಾರ್ಚ್ ಹಾಕಬೇಡ, ಬಣ್ಣ ಸುಳ್ಳು ಹೇಳುತ್ತದೆ. ಜೆಟ್ಟಿನ ಥ್ರೆಡ್ಡಿನ (ತಿರುಪಿನ) ಅಳತೆಯನ್ನೂ ಬರೆ. ಇಲ್ಲಿ ನನ್ನ ಡಬ್ಬಿಯಲ್ಲಿ ಹೊಂದುವುದಿದ್ದರೆ ನಾಲ್ಕು ಸೈಜ್ ಮಂಗಳೂರು ಬಸ್ಸಿನಲ್ಲಿ ಪಾರ್ಸೆಲ್ ಹಾಕುತ್ತೇನೆ. ನಿಮ್ಮಮ್ಮನಿಗೆ ಇದನ್ನೆಲ್ಲ ನಾನು ಹೇಳಿಲ್ಲ. ಅಕ್ಕ ಕೇಳಿದರೆ ಮುಚ್ಚಿಡುವುದೂ ಇಲ್ಲ.

ಇಂತಿ ನಿನ್ನ ಮಾವ