ಟ್ರ್ಯಾಕ್ಟರ್ ತರುವ ಮೊದಲು ಸಂಕ ಅಳೆ

ವರ್ಮಾಂಟ್, ಅಮೆರಿಕ, ಸೆಪ್ಟೆಂಬರ್ ಕೊನೆಯ ವಾರ

ಚಿ. ತಮ್ಮನಿಗೆ ಅಕ್ಕನ ಆಶೀರ್ವಾದಗಳು. ಅಪ್ಪನಿಗೂ ಆಯಿಗೂ ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ.

ನೀನು ಕಳಿಸಿದ ಟ್ರ್ಯಾಕ್ಟರಿನ ಎರಡೂ ಕೊಟೇಶನ್ ನೋಡಿದೆ. ಒಂದು 15 ಎಚ್‌ಪಿ, ಹಿಂದಿನ ಎರಡು ಚಕ್ರ ಮಾತ್ರ ಎಳೆಯುವುದು. ಇನ್ನೊಂದು 24 ಎಚ್‌ಪಿ, ನಾಲ್ಕೂ ಚಕ್ರ ಎಳೆಯುವುದು. ದೊಡ್ಡಹಬ್ಬದೊಳಗೆ ಮನೆಗೆ ತರಬೇಕು ಎಂದಿದ್ದೀಯ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ ಎಂದು ಬರೆಯುತ್ತಿದ್ದೇನೆ. ಅಪ್ಪನಿಗೂ ಓದಿ ಹೇಳು.

ಎರಡರಲ್ಲಿ ನಾಲ್ಕು ಚಕ್ರದ್ದೇ ತೆಗೆದುಕೊಳ್ಳಿ. ಎಚ್‌ಪಿ ಹೆಚ್ಚು ಎಂದು ಹೇಳುತ್ತಿಲ್ಲ, ಕೊಟ್ಟಿಗೆಯಿಂದ ತೋಟಕ್ಕೆ ಇಳಿಯುವ ದಾರಿಗಾಗಿ ಹೇಳುತ್ತಿದ್ದೇನೆ. ಈ ಸಣ್ಣ ಟ್ರ್ಯಾಕ್ಟರುಗಳಿಗೆ ಬ್ರೇಕ್ ಇರುವುದು ಹಿಂದಿನ ಚಕ್ರಗಳಿಗೆ ಮಾತ್ರ. ಇಳುಕಲಿನಲ್ಲಿ ಭಾರವೆಲ್ಲ ಮುಂದಕ್ಕೆ ಬಂದು ಹಿಂದಿನ ಚಕ್ರ ಹಗುರವಾಗುತ್ತದೆ, ಟ್ರೇಲರ್ ಬೇರೆ ಹಿಂದಿನಿಂದ ನೂಕುತ್ತದೆ. ಆಗ ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ಜಾರಿಕೊಂಡು ಹೋಗುತ್ತಲೇ ಇರುತ್ತದೆ. ಫೋರ್ ವೀಲ್ ಹಾಕಿದ್ದರೆ ಮುಂದಿನ ಅಚ್ಚು ಹಿಂದಿನದಕ್ಕೆ ಗೇರಿನ ಮೂಲಕ ಬಿಗಿದುಕೊಂಡಿರುತ್ತದೆ, ಹಾಗಾಗಿ ಬ್ರೇಕಿನ ತಡೆ ನಾಲ್ಕೂ ಚಕ್ರಕ್ಕೆ ಸಿಗುತ್ತದೆ. ಚಡಾವು ಹತ್ತುವುದಕ್ಕೆ ಫೋರ್ ವೀಲ್ ಎಂದು ಹೆಚ್ಚಿನವರು ತಿಳಿದಿದ್ದಾರೆ. ಇಳಿಯುವಾಗಲೇ ಅದು ಜೀವ ಉಳಿಸುವುದು. ಇಳುಕಲು ಶುರುವಾಗುವ ಮೊದಲೇ ಹಾಕಬೇಕು, ಕೆಳಗಿನ ಗೇರಿಗೆ ಮೊದಲೇ ಬರಬೇಕು, ಎಡ ಬಲ ಬ್ರೇಕ್ ಪೆಡಲುಗಳನ್ನು ಜೋಡಿಸುವ ಕೊಂಡಿ ಬಿದ್ದಿದೆಯೇ ಎಂದು ಕಾಲಿನಲ್ಲೇ ತಡವಿ ನೋಡಬೇಕು. ಕೊಂಡಿ ಬಿದ್ದಿಲ್ಲದಿದ್ದರೆ ಒಂದೇ ಬದಿಯ ಚಕ್ರ ಹಿಡಿದು ಗಾಡಿ ಗಿರಕ್ಕನೆ ತಿರುಗುತ್ತದೆ.

ಇನ್ನೊಂದು ಮಾತು. ಇಲ್ಲಿನವರ ವಿಡಿಯೋ ನೋಡಿ ಕಲಿಯಬೇಡ. ಇಲ್ಲಿ ಈ ಅಳತೆಯ ಟ್ರ್ಯಾಕ್ಟರುಗಳಲ್ಲಿ ಹೆಚ್ಚಿನವು ಹೈಡ್ರೋಸ್ಟಾಟಿಕ್. ಪೆಡಲ್ ಒತ್ತಿದಷ್ಟು ಹೋಗುತ್ತವೆ, ಕಾಲು ತೆಗೆದರೆ ಎಣ್ಣೆಯ ಒತ್ತಡವೇ ಹಿಡಿದು ನಿಧಾನ ಮಾಡುತ್ತದೆ. ನಿನಗೆ ಕೊಡುತ್ತಿರುವುದು ಗೇರಿನದು. ಇಳುಕಲಿನ ನಡುವೆ ಗೇರ್ ಬದಲಿಸಲು ಕ್ಲಚ್ ಒತ್ತಿದರೆ ಎಂಜಿನ್ನಿನ ಹಿಡಿತ ಅಲ್ಲಿಗೆ ಬಿಟ್ಟಿತು. ಮತ್ತೆ ಗೇರ್ ಬೀಳುವುದೂ ಇಲ್ಲ.

ಟಾರು ರಸ್ತೆಗೆ ಬಂದ ಕೂಡಲೇ ಫೋರ್ ವೀಲ್ ತೆಗೆ. ಮುಂದಿನ ಚಕ್ರ ಹಿಂದಿನದಕ್ಕಿಂತ ತುಸು ಹೆಚ್ಚು ವೇಗದಲ್ಲಿ ಎಳೆಯುವಂತೆ ಮಾಡಿರುತ್ತಾರೆ. ಮಣ್ಣಿನಲ್ಲಿ ಆ ವ್ಯತ್ಯಾಸ ಜಾರಿಹೋಗುತ್ತದೆ, ಟಾರಿನ ಮೇಲೆ ಜಾರಲು ಜಾಗವಿಲ್ಲದೆ ಗೇರಿನಲ್ಲೇ ಬಿಗಿಯಾಗುತ್ತದೆ. ಟಯರ್ ಸವೆಯುತ್ತದೆ, ಮುಂದಿನ ಅಚ್ಚಿನ ಗೇರ್ ಹಲ್ಲು ಹೋಗುತ್ತದೆ. ಮುಂದೆ ಟಯರ್ ಬದಲಿಸುವಾಗ ಬೇರೆ ಸೈಜ್ ಹಾಕಿದರೂ ಇದೇ ಕಥೆ.

ಈಗ ತೋಟದ ವಿಷಯ. ಟ್ರ್ಯಾಕ್ಟರನ್ನು ಅಡಿಕೆ ತೋಟದ ಒಳಗೆ ಇಳಿಸಬೇಡ. ಮರದಿಂದ ಮರಕ್ಕೆ 9 ಅಡಿ ಇದೆ, ಗಾಡಿಯ ಅಗಲ ನಾಲ್ಕಡಿ ಒಳಗೆ, ಆರಾಮವಾಗಿ ಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ನಡುವಿನ ಬಸಿಗಾಲುವೆ ಅವರ ಲೆಕ್ಕದಲ್ಲಿ ಇಲ್ಲ. ಕಾಲುವೆ ದಾಟಿಸಿದಿರಿ ಎಂದೇ ಇಟ್ಟುಕೊ. ಅಡಿಕೆಯ ಬೇರು ಬಹುಪಾಲು ಬುಡದ ಸುತ್ತ ಒಂದು ಮೀಟರಿನೊಳಗೆ, ಮೇಲಿನ ಎರಡು ಅಡಿ ಮಣ್ಣಿನಲ್ಲೇ ಹರಡಿರುತ್ತದೆ. ಮಣ್ಣು ಕೊಚ್ಚುವ ರೋಟಾವೇಟರ್ ಹೊಡೆದರೆ ಕಡಿಯುವುದು ಅದೇ ಬೇರನ್ನು. ಬರಿದೇ ಗಾಡಿ ಓಡಿಸಿದರೂ ಹಸಿ ಮಣ್ಣು ಅದುಮಿ ಹಲಗೆಯಂತಾಗುತ್ತದೆ, ನೀರು ಬಸಿಯುವುದಿಲ್ಲ, ಬೇರಿಗೆ ಗಾಳಿಯಿಲ್ಲ. ಮರ ಅದೇ ವರ್ಷ ಸಾಯುವುದಿಲ್ಲವಾದ್ದರಿಂದ ಯಾರೂ ಟ್ರ್ಯಾಕ್ಟರನ್ನು ದೂರುವುದಿಲ್ಲ. ತೋಟದ ತಲೆಯವರೆಗೆ ಗಟ್ಟಿ ದಾರಿ ಮಾಡಿ, ಅಲ್ಲಿ ಗೊಬ್ಬರ ಇಳಿಸಿ, ಒಳಗೆ ಕೈಗಾಡಿಯಲ್ಲಿ ಒಯ್ಯಿ. ಟ್ರ್ಯಾಕ್ಟರಿಗೆ ಹಾಕುವ ದುಡ್ಡಿನಲ್ಲಿ ಒಂದು ಪಾಲನ್ನು ಆ ದಾರಿಗೇ ತೆಗೆದಿಡು.

ಇಲ್ಲಿ ಏಪ್ರಿಲ್ ಹೊತ್ತಿಗೆ ಹಿಮ ಕರಗುವಾಗ ಮೇಲಿನ ಮಣ್ಣು ಗಂಜಿಯಾಗುತ್ತದೆ, ಕೆಳಗೆ ಇನ್ನೂ ಗಡ್ಡೆ ಕಟ್ಟಿರುವುದರಿಂದ ನೀರು ಇಳಿಯುವುದಿಲ್ಲ. ಆ ತಿಂಗಳಲ್ಲಿ ಮಣ್ಣುರಸ್ತೆಗೆ ಭಾರದ ಗಾಡಿ ಬಿಡಬಾರದೆಂದು ಊರಿನವರೇ ಬೋರ್ಡು ಹಾಕುತ್ತಾರೆ. ನಮ್ಮಲ್ಲಿ ಆಷಾಢದಿಂದ ಭಾದ್ರಪದದವರೆಗೂ ತೋಟದ ದಾರಿಯ ಸ್ಥಿತಿ ಅದೇ. ನೀನೂ ದಣಪೆ ಹಾಕಿ ಮುಚ್ಚು. ಬೆಟ್ಟದ ಸೊಪ್ಪು, ಗೊಬ್ಬರ ಸಾಗಿಸುವುದೆಲ್ಲ ಮಳೆಗೆ ಮೊದಲೇ ಮುಗಿಯಲಿ.

ಟ್ರೇಲರಿನ ಲೆಕ್ಕ ಸರಿಯಾಗಿ ಕೇಳು, ತಪ್ಪುವುದು ಇಲ್ಲೇ. 6 ಅಡಿ ಉದ್ದ, 4 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಪೆಟ್ಟಿಗೆ ಎಂದರೆ 36 ಘನ ಅಡಿ, ಹತ್ತಿರ ಹತ್ತಿರ ಒಂದು ಘನ ಮೀಟರ್. ದರಕು, ಅಂದರೆ ಒಣ ಎಲೆ, ತುಂಬಿದರೆ ನೂರು ಕಿಲೋ ಆಚೀಚೆ. ಅದೇ ಪೆಟ್ಟಿಗೆಗೆ ಕೊಟ್ಟಿಗೆಯ ಹಸಿ ಗೊಬ್ಬರ ತುಂಬಿದರೆ 800 ಕಿಲೋ, ಟ್ರೇಲರಿನದೇ ತೂಕ ಒಂದು 300 ಸೇರಿ 1100. ಈ ವರ್ಗದ ಟ್ರ್ಯಾಕ್ಟರಿನ ತೂಕ 650ರಿಂದ 1000 ಕಿಲೋ ಒಳಗೆ. ಬ್ರೇಕಿಲ್ಲದ ಟ್ರೇಲರ್ ಹೊರೆ ಸೇರಿ ಟ್ರ್ಯಾಕ್ಟರಿಗಿಂತ ಭಾರವಾದರೆ ಇಳುಕಲಿನಲ್ಲಿ ಯಾರು ಯಾರನ್ನು ಒಯ್ಯುತ್ತಾರೆ ಎಂದು ಹೇಳಬೇಕಿಲ್ಲ. ಗೊಬ್ಬರ ಅರ್ಧ ಪೆಟ್ಟಿಗೆ, ದರಕು ಸೊಪ್ಪು ಎಷ್ಟು ಒಟ್ಟಿದರೂ ಸರಿ. ಹೊರೆ ಅಚ್ಚಿಗಿಂತ ತುಸು ಮುಂದಿರಲಿ. ಹಿಂದೆ ಭಾರವಾದರೆ ಟ್ರೇಲರಿನ ಮೂಕಿ ಮೇಲೇಳುತ್ತದೆ, ಜೊತೆಗೆ ಟ್ರ್ಯಾಕ್ಟರಿನ ಹಿಂಭಾಗವನ್ನೂ ಎತ್ತುತ್ತದೆ.

ಮರದ ದಿಮ್ಮಿ ಎಳೆಯುವಾಗ ಸರಪಳಿಯನ್ನು ಹಿಂದೆ ಕೆಳಗಿರುವ ಎಳೆಯುವ ಪಟ್ಟಿಗೇ, ಅಂದರೆ ಡ್ರಾಬಾರಿಗೇ ಕಟ್ಟು. ಮೇಲಿನ ಟಾಪ್ ಲಿಂಕಿನ ತೂತಿಗಾಗಲಿ ಅಚ್ಚಿಗಾಗಲಿ ಕಟ್ಟಲೇಬಾರದು. ಎಳೆತ ಹಿಂದಿನ ಅಚ್ಚಿನ ಮಟ್ಟದಲ್ಲೋ ಅದಕ್ಕಿಂತ ಮೇಲೋ ಇದ್ದರೆ ಮುಂದಿನ ಚಕ್ರ ಎದ್ದು ಗಾಡಿ ಹಿಂದಕ್ಕೆ ಮಗುಚುತ್ತದೆ. ಕ್ಲಚ್ ಒತ್ತಬೇಕು ಎಂದು ನಿನಗೆ ಹೊಳೆಯುವ ಮೊದಲೇ ಅದು ಆಗಿಹೋಗಿರುತ್ತದೆ. ಗದ್ದೆಯಲ್ಲಿ ಹೂತಾಗ ಹಿಂದಿನ ಚಕ್ರಕ್ಕೆ ಮರದ ತುಂಡು ಕಟ್ಟಿ ಎಕ್ಸಿಲೇಟರ್ ಕೊಡುವ ಪದ್ಧತಿ ಎಲ್ಲ ಕಡೆ ಇದೆ. ಅದೂ ಹೀಗೇ ಕೊಲ್ಲುತ್ತದೆ: ಚಕ್ರ ತಿರುಗದೆ ಸಿಕ್ಕಿಕೊಂಡಾಗ ತಿರುಗಲು ಉಳಿಯುವುದು ಟ್ರ್ಯಾಕ್ಟರಿನ ಮೈ ಮಾತ್ರ. ಹೂತರೆ ಇಳಿದು ಚಕ್ರದ ಹಿಂದಿನ ಮಣ್ಣು ಗುದ್ದಲಿಯಲ್ಲಿ ತೆಗೆ, ಅಡಿಕೆ ಸೋಗೆ ಹಾಸು, ಹಿಂದಿನ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡುವ ಡಿಫರೆನ್ಷಿಯಲ್ ಲಾಕ್ ಒತ್ತಿ ನೇರ ಹಿಂದಕ್ಕೆ ಬಾ. ಲಾಕ್ ಒತ್ತಿದಾಗ ಸ್ಟೇರಿಂಗ್ ತಿರುಗಿಸಬಾರದು.

ಸೀಟಿನ ಹಿಂದೆ ನಿಲ್ಲುವ ಕಬ್ಬಿಣದ ಕಮಾನು, ಅದೇ ರೋಲ್ ಬಾರ್, ಕೊಟೇಶನ್ನಿನಲ್ಲಿ ಕಾಣಲಿಲ್ಲ. ಇದ್ದೇ ಬರುತ್ತದೆಯೇ ಎಂದು ಬರೆಸಿಕೊಳ್ಳಿ. ಸ್ವೀಡನ್ 1959ರಲ್ಲೇ ಹೊಸ ಟ್ರ್ಯಾಕ್ಟರುಗಳಿಗೆ ಇದನ್ನು ಕಡ್ಡಾಯ ಮಾಡಿದೆ. ಮಡಚುವಂಥದ್ದೇ ತೆಗೆದುಕೊ, ಕೊಟ್ಟಿಗೆಯ ಮಾಡಿಗೆ ತಾಗುತ್ತದೆಂದು ಬಿಚ್ಚಿಡಬೇಡ. ಕಮಾನು ನಿಂತಿರುವಾಗ ಸೀಟ್ ಬೆಲ್ಟ್ ಹಾಕಬೇಕು. ಮಡಚಿದಾಗ ಮಾತ್ರ ಹಾಕಬಾರದು, ಮಗುಚಿದರೆ ಜಿಗಿಯಲು ದಾರಿ ಬೇಕಲ್ಲ. ಇಳುಕಲಿಗೆ ಅಡ್ಡಡ್ಡ ಓಡಿಸಬೇಡ. ಧರೆಯ, ಅಂದರೆ ಕಡಿದಾದ ಮಣ್ಣಿನ ದಂಡೆಯ, ಅಂಚಿನಿಂದ, ಧರೆ ಎಷ್ಟು ಎತ್ತರವೋ ಅಷ್ಟಾದರೂ ದೂರವಿರು. ಮಳೆಗಾಲದಲ್ಲಿ ಅದರ ಎರಡರಷ್ಟು.

ಪಿಟಿಒ ಬಗ್ಗೆ ಆಯಿಯ ಎದುರೇ ಓದು. ಎಂಜಿನ್ನಿನ ಶಕ್ತಿಯನ್ನು ಹಿಂದೆ ಸಿಕ್ಕಿಸಿದ ಯಂತ್ರಕ್ಕೆ ಕೊಡುವ ತಿರುಗುವ ಶಾಫ್ಟ್ ಅದು. ನಿಮಿಷಕ್ಕೆ 540 ಸುತ್ತು, ಸೆಕೆಂಡಿಗೆ 9. ಶಾಫ್ಟಿನ ದಪ್ಪ 35 ಮಿಲಿಮೀಟರ್, ಸುತ್ತಳತೆ 11 ಸೆಂಟಿಮೀಟರ್. ಅಂದರೆ ಬಟ್ಟೆಯ ತುದಿ ಸಿಕ್ಕಿದರೆ ಒಂದು ಸೆಕೆಂಡಿಗೆ ಒಂದು ಮೀಟರ್ ಸುತ್ತಿಕೊಳ್ಳುತ್ತದೆ. ಪಂಚೆ, ಹೆಗಲ ಮೇಲಿನ ಟವೆಲ್, ಸೀರೆಯ ಸೆರಗು, ಕಂಬಳಿಕೊಪ್ಪೆ ಯಾವುದೂ ಹತ್ತಿರ ಬರಬಾರದು. ಶಾಫ್ಟಿನ ಮೇಲಿನ ಪ್ಲಾಸ್ಟಿಕ್ ಕವಚ ಒಡೆದರೆ ಅವತ್ತೇ ಕೆಲಸ ನಿಲ್ಲಿಸಿ ಹೊಸದು ಹಾಕಿಸು. ಶಾಫ್ಟ್ ದಾಟುವುದಿದ್ದರೆ ಎಂಜಿನ್ ಬಂದ್ ಮಾಡಿ, ಸುತ್ತಿ ಹೋಗಬೇಕು.

ಪಿಟಿಒದಿಂದ ರೋಟಾವೇಟರಿಗೆ ಜೋಡಿಸುವ ಶಾಫ್ಟ್ ಅಂಗಡಿಯಿಂದ ಬರುವಾಗ ಉದ್ದವಾಗಿಯೇ ಇರುತ್ತದೆ, ನಿನ್ನ ಗಾಡಿಗೆ ತಕ್ಕಂತೆ ಕೊಯ್ಯಬೇಕು. ಬಹಳ ಜನ ಕೊಯ್ಯುವುದಿಲ್ಲ. ರೋಟಾವೇಟರನ್ನು ಟ್ರ್ಯಾಕ್ಟರಿನ ಹಿಂದಿನ ಮೂರು ಕೊಂಡಿಗೆ ಸಿಕ್ಕಿಸಿ, ಶಾಫ್ಟ್ ಹಾಕದೆ, ನಿಧಾನವಾಗಿ ಕೆಳಗಿನಿಂದ ಮೇಲಿನವರೆಗೆ ಎತ್ತು. ಟ್ರ್ಯಾಕ್ಟರಿನ ಹಲ್ಲು ತುದಿಗೂ ರೋಟಾವೇಟರಿನ ಹಲ್ಲು ತುದಿಗೂ ನಡುವಿನ ಅಂತರ ಎಲ್ಲಿ ಅತಿ ಕಡಿಮೆಯಾಗುತ್ತದೋ ಅಲ್ಲಿ ನಿಲ್ಲಿಸು, ಕೆಳಗೆ ಮರದ ಕುತ್ತಿ ಕೊಟ್ಟು ಎಂಜಿನ್ ಬಂದ್ ಮಾಡು. ಈಗ ಶಾಫ್ಟನ್ನು ಎಳೆದು ಎರಡು ಭಾಗವಾಗಿ ಬೇರ್ಪಡಿಸಿ ಒಂದೊಂದನ್ನು ಒಂದೊಂದು ತುದಿಗೆ ಹಾಕಿ ಪಕ್ಕಪಕ್ಕ ಹಿಡಿ. ಒಂದರ ಕೊಳವೆ ಇನ್ನೊಂದರ ಕುತ್ತಿಗೆಗೆ ಒಂದು ಇಂಚು ಬಾಕಿ ಇರುವಲ್ಲಿ ಮುಗಿಯಬೇಕು. ಅದಕ್ಕಿಂತ ಉದ್ದ ಎಷ್ಟಿದೆಯೋ ಅಷ್ಟನ್ನು ಎರಡೂ ಕೊಳವೆಯಿಂದ ಸಮವಾಗಿ ಕೊಯ್ಯಿ, ಪ್ಲಾಸ್ಟಿಕ್ ಕವಚದಿಂದಲೂ ಅಷ್ಟೇ. ಅರ ಹಾಕಿ ಅಂಚು ನಯ ಮಾಡಿ, ಪುಡಿ ಒರೆಸಿ, ಗ್ರೀಸ್ ಹಚ್ಚಿ ಜೋಡಿಸು. ಆಮೇಲೆ ಅತಿ ದೂರದ ಸ್ಥಿತಿಯಲ್ಲೂ ನೋಡು, ಒಂದರೊಳಗೊಂದು ಕೊಳವೆಯ ಮೂರನೇ ಒಂದು ಭಾಗವಾದರೂ ಕೂತಿರಬೇಕು. ಕೊಯ್ಯದೆ ಬಿಟ್ಟರೆ ರೋಟಾವೇಟರ್ ಎತ್ತಿದ ಮೊದಲ ಸಲವೇ ಶಾಫ್ಟ್ ಕಂಬದಂತೆ ನಿಂತು ಟ್ರ್ಯಾಕ್ಟರಿನೊಳಗಿನ ಬೇರಿಂಗನ್ನು ನೂಕುತ್ತದೆ. ತಿಂಗಳು ಕಳೆದು ಎಣ್ಣೆ ಸೋರಲು ಶುರುವಾದಾಗ ಕಂಪನಿಯ ಮಾಲು ಸರಿಯಿಲ್ಲ ಎಂದು ಬೈಯುತ್ತಾರೆ.

ಕಲ್ಲು ಬೇರು ಸಿಕ್ಕಾಗ ಮುರಿಯಲೆಂದೇ ಇರುವ ಶಿಯರ್ ಬೋಲ್ಟ್ ಮುರಿದರೆ ಅದೇ ದರ್ಜೆಯದನ್ನೇ ಹಾಕು. ಗಟ್ಟಿಯದು ಹಾಕಿದರೆ ಮುಂದಿನ ಸಲ ಮುರಿಯುವುದು ಗೇರ್ ಬಾಕ್ಸ್. ಹತ್ತು ಬೋಲ್ಟ್ ಒಟ್ಟಿಗೆ ತಂದು ಟೂಲ್ ಪೆಟ್ಟಿಗೆಯಲ್ಲಿಡು. ಬೋಲ್ಟಿನ ಬದಲು, ಸಿಕ್ಕಿಕೊಂಡಾಗ ಜಾರಿ ಗೇರ್ ಉಳಿಸುವ ಸ್ಲಿಪ್ ಕ್ಲಚ್ ಇದ್ದರೆ ನಮ್ಮ ಮಳೆಗಾಲದಲ್ಲಿ ಅದರ ಪ್ಲೇಟುಗಳು ತುಕ್ಕಿನಲ್ಲಿ ಅಂಟಿಕೊಳ್ಳುತ್ತವೆ, ಜಾರಬೇಕಾದ್ದು ಜಾರುವುದಿಲ್ಲ. ವರ್ಷಕ್ಕೊಮ್ಮೆ ಪ್ಲೇಟುಗಳ ಅಂಚಿಗೆ ಅಡ್ಡಲಾಗಿ ಬಣ್ಣದ ಗೆರೆ ಎಳೆ, ಸ್ಪ್ರಿಂಗಿನ ನಟ್ಟುಗಳು ಎಷ್ಟು ಸುತ್ತು ಸಡಿಲಾದವು ಎಂದು ಎಣಿಸಿಕೊಂಡು ಸಡಿಲಿಸು, ಒಂದೆರಡು ಸೆಕೆಂಡ್ ಪಿಟಿಒ ಕೊಟ್ಟು ನಿಲ್ಲಿಸು. ಗೆರೆ ತಪ್ಪಿದ್ದರೆ ಜಾರಿದೆ ಎಂದರ್ಥ, ಅಷ್ಟೇ ಸುತ್ತು ವಾಪಸ್ ಬಿಗಿ ಮಾಡು.

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಔಷಧಿಯ ಪಂಪನ್ನು ಪಿಟಿಒಗೆ ಹಾಕುವುದು ಒಳ್ಳೆಯದೇ, 24 ಎಚ್‌ಪಿಯ ಗಾಡಿಯಲ್ಲಿ ಪಿಟಿಒಗೆ ಸಿಗುವ 19-20 ಎಚ್‌ಪಿ ಅದಕ್ಕೆ ಧಾರಾಳ. ಆ ಔಷಧಿ, ಅಂದರೆ ಮೈಲುತುತ್ತ ಸುಣ್ಣದ ಬೋರ್ಡೋ ದ್ರಾವಣ, ಸರಿಯಾಗಿದೆಯೇ ಎಂದು ಅಪ್ಪ ಚಾಕು ಅದ್ದಿ ನೋಡುತ್ತಾರಲ್ಲ, ಸುಣ್ಣ ಸಾಲದಿದ್ದರೆ ಅಲಗಿಗೆ ಕೆಂಪು ಹತ್ತುತ್ತದೆ. ಮೈಲುತುತ್ತ ಚಾಕುವಿಗೆ ಮಾಡುವುದನ್ನೇ ಟ್ರ್ಯಾಕ್ಟರಿನ ಕಬ್ಬಿಣಕ್ಕೂ ಮಾಡುತ್ತದೆ. ಸಂಜೆ ಪಂಪಿನಲ್ಲಿ ಬರೀ ನೀರು ಹಾಯಿಸು, ಗಾಡಿಯನ್ನೂ ತೊಳೆದೇ ನಿಲ್ಲಿಸು.

ಮಳೆಗಾಲಕ್ಕೆ ನಿಲ್ಲಿಸುವಾಗ ಡೀಸೆಲ್ ಟ್ಯಾಂಕ್ ಪೂರ್ತಿ ತುಂಬಿಸು, ಖಾಲಿ ಜಾಗದಲ್ಲಿ ಗಾಳಿಯ ತೇವ ನೀರಾಗಿ ತಳ ಸೇರುತ್ತದೆ. ಕ್ಲಚ್ ಪೆಡಲ್ ಒತ್ತಿ ಮರದ ತುಂಡು ಕೊಟ್ಟು ಹಾಗೇ ಇಡು. ಇಲ್ಲದಿದ್ದರೆ ಕ್ಲಚ್ ಪ್ಲೇಟ್ ಫ್ಲೈವೀಲಿಗೆ ತುಕ್ಕು ಹಿಡಿದು ಅಂಟಿಕೊಂಡು, ಗೌರಿ ಹುಣ್ಣಿಮೆಗೂ ಗೇರ್ ಬೀಳುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಚಾಲೂ ಮಾಡಿದರೆ ಅರ್ಧ ಗಂಟೆ ಓಡಿಸಿ ಚೆನ್ನಾಗಿ ಬಿಸಿ ಮಾಡು. ಐದು ನಿಮಿಷ ಓಡಿಸುವುದು ಓಡಿಸದೇ ಇರುವುದಕ್ಕಿಂತ ಕೆಟ್ಟದ್ದು, ಒಳಗೆ ಹುಟ್ಟಿದ ತೇವ ಒಳಗೇ ಉಳಿಯುತ್ತದೆ. ಹೈಡ್ರಾಲಿಕ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಎಣ್ಣೆ ಫಿಲ್ಟರ್ ಎರಡೂ ಬದಲಿಸಬೇಕು. ನೀರು ಇಳಿಯುವುದು ಹೆಚ್ಚಾಗಿ ಗೇರ್ ಲಿವರಿನ ಬುಡದ ಹರಿದ ರಬ್ಬರಿನಿಂದ. ಹೊಸ ಗಾಡಿಯ ಮೊದಲ ಸರ್ವಿಸ್ 50 ಗಂಟೆಗೆ, ಅದನ್ನು ಮುಂದೂಡಬೇಡ. ಒಳಗಿನ ಹೊಸ ಗೇರುಗಳು ಉಜ್ಜಿದ ಲೋಹದ ಪುಡಿಯೆಲ್ಲ ಆ ಎಣ್ಣೆಯಲ್ಲೇ ಇರುತ್ತದೆ.

ಇಷ್ಟೆಲ್ಲ ಹೇಳಿದರೂ ರೋಟಾವೇಟರ್ ಈಗಲೇ ಕೊಳ್ಳಬೇಡ. ನಮ್ಮ ಗದ್ದೆಗೆ ವರ್ಷದಲ್ಲಿ ನಾಲ್ಕು ದಿನದ ಕೆಲಸ, ಕೃಷಿ ಯಂತ್ರಧಾರೆಯಲ್ಲಿ ಬಾಡಿಗೆಗೆ ಕೇಳು. ಆ ದುಡ್ಡು ಟ್ರೇಲರಿಗೆ ಹಾಕು. ಸಬ್ಸಿಡಿಗೆ ರೈತ ಸಂಪರ್ಕ ಕೇಂದ್ರದಲ್ಲಿ ಮೊದಲೇ ವಿಚಾರಿಸು, ಗಾಡಿ ತಂದ ಮೇಲೆ ಹೋಗಬೇಡ.

ಈ ಭಾನುವಾರ ಟೇಪು ಹಿಡಿದು ಮೂರು ಅಳತೆ ತೆಗೆದು ಕಳಿಸು: ಕೊಟ್ಟಿಗೆಯ ಹತ್ತಿರದ ದಣಪೆಯ ಅಗಲ, ಹಳ್ಳದ ಮೇಲಿನ ಸಂಕದ (ಕಾಲುಸೇತುವೆಯ) ಅಗಲ, ಮತ್ತು ಇಳುಕಲಿನಲ್ಲಿ 10 ಅಡಿ ಉದ್ದದ ನೇರ ಬಿದಿರನ್ನು ಮೇಲಿನ ತುದಿ ನೆಲಕ್ಕೆ ತಾಗಿಸಿ ಮಟ್ಟಕ್ಕೆ ಹಿಡಿದಾಗ ಕೆಳಗಿನ ತುದಿಯಿಂದ ನೆಲಕ್ಕೆ ಎಷ್ಟು ಎಂದು. ಎರಡು ಅಡಿಗಿಂತ ಹೆಚ್ಚು ಬಂದರೆ ದಾರಿಯನ್ನು ಸುತ್ತುಬಳಸಿ ತರಬೇಕಾಗುತ್ತದೆ. ಸಂಕದ ಅಡಿಕೆ ದಬ್ಬೆ ಎಷ್ಟು ವರ್ಷದ್ದು ಎಂದು ಅಪ್ಪನನ್ನು ಕೇಳು. ಅದರ ಮೇಲೆ ಗಾಡಿ ಹೋಗುವುದು ಬೇಡ, ಕಾಂಕ್ರೀಟಿನ ಹ್ಯೂಮ್ ಪೈಪ್ ಇಟ್ಟು ಮೇಲೆ ಚಿರೆಕಲ್ಲು, ಮಣ್ಣು ಹಾಕಿಸಬೇಕು. ಹಳ್ಳದ ನೀರು ಇಳಿಯುವ ಹೊತ್ತಿಗೆ ಆ ಕೆಲಸಕ್ಕೆ ಆಳು ಹೇಳಿಡು.

ನಿನ್ನ ಅಕ್ಕ